ಮಣ್ಣಿನ ಸಾಹೇಬರ ಖಾನೆಗಳು

ಮೊನ್ನೆ ಮಳೆ ಹಿಡಿದಾಗ ನಮ್ಮ ಹಳೆಯ ಕಪಾಟಿನ ಖಾನೆಯೊಂದು ಬಿಗಿದು ಕೂತುಬಿಟ್ಟಿತು. ಸೊಸೆ ಎಳೆದೂ ಎಳೆದೂ ಸಾಕಾಗಿ ಬಡಿಗೇರನನ್ನು ಕರೆಸುವ ಮಾತಾಡಿದಳು. ನಾನು ಅದನ್ನು ಸ್ವಲ್ಪ ಮೇಲಕ್ಕೆತ್ತಿ ಹೊರಗೆಳೆದು, ಎರಡೂ ಅಂಚಿಗೆ ಮೇಣಬತ್ತಿ ತಿಕ್ಕಿದೆ. ಮೇಣದ ವಾಸನೆಯೂ ತೇವ ಕುಡಿದ ಸಾಗವಾನಿಯ ವಾಸನೆಯೂ ಕೂಡಿ ಮೂಗಿಗೆ ಬಂದವು. ಖಾನೆ ಸರ್ರನೆ ಒಳಗೆ ಹೋಯಿತು. "ಇದನ್ನ ಯಾರ ಕಲಿಸಿದ್ರರಿ ಅತ್ತಿ ನಿಮಗ?" ಎಂದಳು ಸೊಸೆ. ಯಾರೂ ಕಲಿಸಿರಲಿಲ್ಲ. ಕಿಟಕಿಯ ಹಿಂದೆ ನಿಂತು ನೋಡಿ ಕಲಿತದ್ದು…

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಬಲೇಶ್ವರಕ್ಕೆ ಸೊಸೆಯಾಗಿ ಬಂದು ವರ್ಷ ಕಳೆದಿತ್ತು. ಗಂಡ ವಿಜಾಪುರದ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗಿಬಿಡುವವರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೊಲ, ಮನೆ, ದನ, ಆಳು ಎಲ್ಲ ಅತ್ತೆಯದೇ ಕಾರುಬಾರು. ಅವರು ಒಂದು ಮಾತು ಆಡಿದರೆ ಊರಿನ ಗಂಡಸರೂ ಎರಡನೆಯ ಮಾತು ಆಡುತ್ತಿರಲಿಲ್ಲ. ನನ್ನ ಮಾತಂತೂ ಕೇಳುವುದೇ ಬೇಡ. ಹೊರಗಿನ ಗಂಡಸರು ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುವುದೇ ಆಗಿನ ನನ್ನ ಮರ್ಯಾದೆ.

ಆ ವರ್ಷ ನಮ್ಮ ಹೊರಕೋಣೆಗೆ ಸರಕಾರದ ಅಧಿಕಾರಿಯೊಬ್ಬರು ಬಾಡಿಗೆಗೆ ಬಂದರು. ಸುತ್ತಿನ ಹಳ್ಳಿಗಳ ಹೊಲದ ಮಣ್ಣು ಕೂಡಿಸಿ, ಪರೀಕ್ಷೆ ಮಾಡಿಸಿ, ಯಾವ ಹೊಲಕ್ಕೆ ಯಾವ ಬೆಳೆ ಹೊಂದುತ್ತದೆ ಎಂದು ಹೇಳುವುದು ಅವರ ಕೆಲಸ. ತಿಕೋಟಾದ ಒಕ್ಕಲುತನದ ಮನೆಯವರು, ಧಾರವಾಡದಲ್ಲಿ ಓದಿದವರು. ಹೆಂಡತಿ ಮಕ್ಕಳು ತಿಕೋಟಾದಲ್ಲೇ. ಅವರ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಬಂದ ವಾರದಲ್ಲೇ ಊರು ಅವರನ್ನು ಮಣ್ಣಿನ ಸಾಹೇಬರು ಎಂದು ಕರೆಯಿತು. ಅವರೂ ನಕ್ಕು ಒಪ್ಪಿಕೊಂಡರು.

ಅವರ ಸಂಸಾರ ಇದ್ದದ್ದು ನಮ್ಮ ಹೊರಕೋಣೆಯಲ್ಲಲ್ಲ, ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದ ಪಿಕಪ್ಪಿನಲ್ಲಿ. ಲಷ್ಕರದವರು ಬಳಸಿ ಬಿಟ್ಟ ಹಳೆಯ ಗಾಡಿ. ಹಿಂದೆ ಸಾಮಾನು ಹೇರುವ ಜಾಗದ ತುಂಬ ಸಾಗವಾನಿಯ ಖಾನೆಗಳು, ಎಡಕ್ಕೆ ಆರು, ಬಲಕ್ಕೆ ಆರು. ಇಬ್ರಾಹಿಂಪುರದ ಒಬ್ಬ ಬಡಿಗೇರನ ಎದುರು ಎರಡು ತಿಂಗಳು ಕೂತು ತಾವೇ ಅಳತೆ ಹೇಳಿ ಮಾಡಿಸಿದ್ದಂತೆ. ಹತ್ತು ಊರಿಗೆ ಹತ್ತು ಖಾನೆ, ಅದರೊಳಗೆ ಒಂದೊಂದು ಹೊಲಕ್ಕೆ ಒಂದೊಂದು ಬಟ್ಟೆಯ ಚೀಲ, ಚೀಲದ ಬಾಯಿಗೆ ಪೆನ್ಸಿಲಿನಲ್ಲಿ ಬರೆದ ಚೀಟಿ. ಉಳಿದ ಎರಡು ಖಾನೆ ಅವರ ಸ್ವಂತದ್ದು. ಒಂದರಲ್ಲಿ ಅಂಗಿ, ಧೋತರ, ಕನ್ನಡಿ, ಗಡ್ಡ ಹೆರೆಯುವ ಸಾಮಾನು. ಇನ್ನೊಂದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಖಾನೆಗಳ ಮೇಲೆ ಹಲಗೆ ಬಡಿದಿದ್ದರು. ಮಮದಾಪುರದ ಕೆರೆಯ ಕಡೆ ಹೋಗಿ ಹೊತ್ತಾದರೆ ಅದರ ಮೇಲೆಯೇ ಜಮಖಾನೆ ಹಾಸಿ ಮಲಗುತ್ತಿದ್ದರು.

ಆ ಖಾನೆಗಳೊಂದಿಗೆ ಬಾಳುವುದು ಸುಲಭವಿರಲಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಅಲುಗುತ್ತಿರಲಿಲ್ಲ, ಬೇಸಿಗೆಯಲ್ಲಿ ಸೊರಗಿ ಗಡಗಡ ಅನ್ನುತ್ತಿದ್ದವು. ಎರೆಮಣ್ಣಿನ ಧೂಳು ಎಲ್ಲಿಂದಲೋ ನುಗ್ಗಿ ರೊಟ್ಟಿಯನ್ನೂ ಬಿಡುತ್ತಿರಲಿಲ್ಲ. ಸಾಹೇಬರು ರವಿವಾರ ಮುಂಜಾನೆ ಊರಿಗೆ ಹೊರಡುವ ಮೊದಲು ಒಂದೊಂದೇ ಖಾನೆ ಬಿಚ್ಚಿ, ಒರೆಸಿ, ಅಂಚಿಗೆ ಮೇಣ ತಿಕ್ಕುತ್ತಿದ್ದರು. ದಾರಿಯ ತಗ್ಗು ದಿನ್ನೆಗೆ ಜಾರಿ ಬರದಂತೆ ಪ್ರತಿ ಸಾಲಿಗೂ ಮೇಲಿಂದ ಕೆಳಗೆ ಒಂದು ಕಬ್ಬಿಣದ ಸರಳು ಇಳಿಬಿಟ್ಟಿದ್ದರು. "ಗಾಡಿ ಮಗಚಿದ್ರೂ ನನ್ನ ಖಾನಿ ಬಿಚ್ಚಾಂಗಿಲ್ಲ" ಎಂದು ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದರು. ಗಂಡಸರಿಗೆ ಒಂದಲ್ಲ ಒಂದರ ಹೆಮ್ಮೆ ಇದ್ದೇ ಇರುತ್ತದೆ. ಅವರಿಗೆ ಇದರದ್ದು.

ಊರವರಿಗೆ ಮಾತ್ರ ಅದರ ಮೇಲೆ ಸಿಟ್ಟು. ಅಷ್ಟು ದೊಡ್ಡ ಗಾಡಿ, ನಾಲ್ಕು ಮಂದಿ ಹತ್ತುವಂತಿಲ್ಲ, ಎರಡು ಚೀಲ ಜೋಳ ಹೇರುವಂತಿಲ್ಲ. ಯಾರಾದರೂ ಕೈ ಅಡ್ಡ ಮಾಡಿದರೆ ಸಾಹೇಬರು ತಲೆ ಹೊರಗೆ ಹಾಕಿ, "ಜಾಗಾ ಇಲ್ಲರಿ ಕಾಕಾ, ಹಿಂದ ಹೊಲಾ ಕುಂತಾವು" ಎನ್ನುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಅವರು ಬಬಲೇಶ್ವರದ ಮಣ್ಣು ಕೂಡಿಸಲು ಕೈ ಹಾಕಿದರು. ಉಳಿದ ಊರುಗಳಲ್ಲಿ ತಾವೇ ಅಗೆದು ತೆಗೆದಿದ್ದರು. ಇಲ್ಲಿ ಪರಿಚಯದ ಮಂದಿ ಎಂದು ಮನೆ ಮನೆಗೆ ಚೀಲ ಕೊಟ್ಟು, ಬೆಳೆ ಹಚ್ಚುವ ತುಂಡಿನ ನಾಲ್ಕು ಮೂಲೆಯ ಮಣ್ಣು, ನಡುವಿನ ಮಣ್ಣು ಒಂದು ಗೇಣು ಆಳದಿಂದ ತೆಗೆದು ಬೆರೆಸಿ ತುಂಬಿರಿ ಎಂದು ಹೇಳಿದರು. ಅವರು ಮಾಡಿದ ತಪ್ಪು ಅದೊಂದೇ.

ನಮ್ಮ ಅತ್ತೆಗೆ ಆ ವರ್ಷ ನಿಂಬೆಯ ಗೀಳು ಹಿಡಿದಿತ್ತು. ಬಾವಿಯ ಕೆಳಗಿನ ತುಂಡಿನಲ್ಲಿ ನಿಂಬೆ ಹಚ್ಚಬೇಕು, ನೀರು ತಾನಾಗಿ ಹರಿದು ಹೋಗುತ್ತದೆ ಎಂದು ಅವರ ಲೆಕ್ಕ. ಆದರೆ ಆ ತುಂಡು ಸವಳು. ಮಳೆ ಬಿದ್ದು ಒಣಗಿದರೆ ಮೇಲೆ ಬೆಳ್ಳಗೆ ಉಪ್ಪು ಏಳುತ್ತಿತ್ತು, ಜೋಳ ಮೊಳಕಾಲು ಮಟ್ಟಕ್ಕೇ ನಿಲ್ಲುತ್ತಿತ್ತು. ಅತ್ತೆ ಆ ತುಂಡಿನ ಹತ್ತಿರವೂ ಹೋಗಲಿಲ್ಲ. ಮೇಲಿನ ತುಂಡಿನಲ್ಲಿ, ಕುರುಬರು ಹದಿನೈದು ದಿನ ಕುರಿ ತರುಬಿ ನಿಲ್ಲಿಸಿದ್ದ ಗೊಬ್ಬರದ ಜಾಗದಿಂದ ಕರ್ರಗಿನ ಮಣ್ಣು ತರಿಸಿದರು. ನನ್ನಿಂದ ಹಿಟ್ಟಿನ ಸಾಣಿಗೆಯಲ್ಲಿ ಜರಡಿ ಹಿಡಿಸಿದರು, ಮೊರದಲ್ಲಿ ಹಾಕಿ ಹರಳು ಆರಿಸಿದರು. ಕೊನೆಗೆ ಚಿಟಿಕೆ ಅರಿಷಿಣ ಉದುರಿಸಿದರು. ನಾನು ಮುಖ ನೋಡಿದೆ. "ಹೆಣ್ಣ ನೋಡಾಕ ಬಂದ್ರ ತಲಿ ಬಾಚದ ಹಂಗs ತೋರಸ್ತಾರೇನು?" ಎಂದರು.

ನಮ್ಮ ಮನೆಯೊಂದೇ ಅಲ್ಲ. ನೀರು ತರಲು ಹೋದಾಗ ಕೇಳಿದರೆ ಎಲ್ಲರ ಮನೆಯ ಕಥೆಯೂ ಅದೇ. ಒಬ್ಬರು ತಿಪ್ಪೆಯ ಗೊಬ್ಬರ ಬೆರೆಸಿದ್ದರು, ಇನ್ನೊಬ್ಬರು ಹುತ್ತದ ಮಣ್ಣು ತಂದಿದ್ದರು. ಸರಕಾರ ನೋಡುತ್ತದೆ ಎಂದರೆ ಮಾನದ ಪ್ರಶ್ನೆ ತಾನೆ!

ಸಾಹೇಬರು ಚೀಲಕ್ಕೊಂದು ಮುಷ್ಟಿ ಮಣ್ಣು ಪರೀಕ್ಷೆಗೆ ಕಳಿಸಿ, ಉಳಿದದ್ದನ್ನು ಖಾನೆಯಲ್ಲಿಟ್ಟುಕೊಂಡರು. ಹೋಳಿ ಕಳೆದು ಕಾಗದ ಬಂತು. ಬಬಲೇಶ್ವರದ ಮಣ್ಣು ಒಂದನೇ ನಂಬರಿನದು, ನಿಂಬೆಗೆ ಹೇಳಿ ಮಾಡಿಸಿದ್ದು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ತಮಾಷೆಯೆಂದರೆ, ತಾವೇ ಸಿಂಗರಿಸಿ ಕಳಿಸಿದ ಮಣ್ಣಿನ ಮೇಲೆ ಬಂದ ಆ ಕಾಗದವನ್ನು ಅವರು ಮನಸಾರೆ ನಂಬಿದರು. ಕೆಳಗಿನ ತುಂಡಿನಲ್ಲಿ ಗುಂಡಿ ತೋಡಿಸಿದರು. ಮುಂಗಾರಿನ ಮಿರಗದ ಮಳೆಗೆ ಸಸಿ ತಂದುಕೊಡಲು ಹೇಳಿಯಾಯಿತು.

ನನಗೆ ಅನ್ನ ರುಚಿಸದಾಯಿತು. ನನ್ನ ತವರಿನಲ್ಲಿ ಇಂಥದೇ ಸವಳಿಗೆ ಹಚ್ಚಿದ ನಿಂಬೆ ಮೂರು ವರ್ಷ ಚಿಗುರಿದಂತೆ ಮಾಡಿ, ನಾಲ್ಕನೆಯ ವರ್ಷ ತುದಿಯಿಂದ ಒಣಗಿದ್ದನ್ನು ಕಣ್ಣಾರೆ ಕಂಡಿದ್ದೆ. ಅತ್ತೆಗೆ ಆಗಲೇ ಐವತ್ತು ದಾಟಿತ್ತು. "ಇದೊಂದು ಫಲಾ ಕಣ್ಣೀಲೆ ಕಂಡ್ರ ಸಾಕು, ಇನ್ನೊಮ್ಮಿ ಹಚ್ಚೂ ತಾಕತ್ತಿಲ್ಲ ನನಗ" ಎಂದು ಅವರೇ ಹೇಳುತ್ತಿದ್ದರು. ಒಂದು ದಿನ ಧೈರ್ಯ ಮಾಡಿ, ಕೆಳಗ ಸವಳ ಐತಲ್ಲರಿ ಅತ್ತಿ, ಎಂದೆ. "ಸರಕಾರನs ಛಲೋ ಅಂದ ಮ್ಯಾಲ ನಿನಗೇನ ಗೊತ್ತ ಬೇ?" ಅಲ್ಲಿಗೆ ಆ ಮಾತು ಮುಗಿಯಿತು. ಗಂಡನಿಗೆ ಹೇಳಿದರೆ ಅವರು ತಾಯಿಯ ಎದುರು ನನಗಿಂತ ಮೆತ್ತಗೆ.

ಎರಡು ದಿನ ಯೋಚಿಸಿದೆ. ಮೂರನೆಯ ದಿನ ಕೆಳಗಿನ ತುಂಡಿಗೆ ಹೋಗಿ, ತೋಡಿದ ಗುಂಡಿಗಳಿಂದಲೇ ಬಿಳಿ ಹತ್ತಿದ ಮಣ್ಣು ತೆಗೆದು, ಮನೆಯಲ್ಲಿ ಉಳಿದಿದ್ದ ಒಂದು ಚೀಲದಲ್ಲಿ ತುಂಬಿದೆ. ಐದನೆಯ ಇಯತ್ತೆಯವರೆಗೆ ಸಾಲಿ ಕಲಿತಿದ್ದೆ. ಚೀಟಿಯಲ್ಲಿ ಬರೆದೆ: "ಬಾವಿಯ ಕೆಳಗಿನ ತುಂಡು. ನಿಂಬೆ ಹಚ್ಚುವುದು ಇಲ್ಲಿ." ಮಧ್ಯಾಹ್ನ ಅತ್ತೆ ಉಂಡು ಅಡ್ಡಾಗಿದ್ದರು, ಸಾಹೇಬರು ಖಾನಾವಳಿಗೆ ಹೋಗಿದ್ದರು. ನಮ್ಮ ಅಂಗಳದಲ್ಲಿ ನಿಂತಾಗ ಅವರು ಗಾಡಿಗೆ ಬೀಗ ಹಾಕುತ್ತಿರಲಿಲ್ಲ. ಸರಳು ಎತ್ತಿದೆ. ಬಬಲೇಶ್ವರದ ಖಾನೆಯನ್ನು, ಅವರು ಮಾಡುವುದನ್ನು ನೋಡಿದ್ದಂತೆ, ಸ್ವಲ್ಪ ಮೇಲಕ್ಕೆತ್ತಿ ಎಳೆದೆ. ಸದ್ದಿಲ್ಲದೆ ಬಂತು. ಚೀಲ ಇಟ್ಟು, ಮುಚ್ಚಿ, ಓಡಿಬಂದು ಒಲೆಯ ಮುಂದೆ ಕೂತೆ.

ಮರುದಿನ ಕಿಟಕಿಯಿಂದ ನೋಡಿದೆ. ಸಾಹೇಬರು ಚೀಟಿ ಓದಿದರು. ಮಣ್ಣನ್ನು ನಾಲಿಗೆಗೆ ಹಚ್ಚಿ ಉಗುಳಿದರು. ಆಮೇಲೆ ಆ ಖಾನೆಯ ಚೀಲಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮೂಸಿದರು. ನಮ್ಮ ಚೀಲದ ಅರಿಷಿಣ ಕಂಡಿರಬೇಕು, ಒಮ್ಮೆಲೆ ನಗತೊಡಗಿದರು. ನಕ್ಕು ನಕ್ಕು, ಕೊನೆಗೆ ಗಾಡಿಯ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತರು.

ಸಂಜೆ ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರಿದ್ದಾಗ, ಅತ್ತೆಯನ್ನೂ ಕರೆದು ಕೈಮುಗಿದರು. "ತಪ್ಪು ನಂದs ಐತ್ರಿ ಯವ್ವಾ. ಮಮದಾಪುರದ ದಾರ್ಯಾಗ ಖಾನಿ ಜಾರಿ ಬಿದ್ದು ನಿಮ್ಮೂರ ಮಣ್ಣೆಲ್ಲಾ ಕಲತು ಹೋಗಿತ್ತು. ಮುಚ್ಚಿಟ್ಟು ಹಂಗs ಕಳಿಸಿಬಿಟ್ಟಿದ್ದೆ. ಆ ಕಾಗದ ನಂಬಬ್ಯಾಡ್ರಿ. ನಾನs ಹೊಲಕ್ಕ ಬಂದು ಮತ್ತ ಅಗದು ತಗೋತೀನಿ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಿಚ್ಚದ ಖಾನೆ ಬಿಚ್ಚಿತಂತೆ ಎಂದು ತಿಂಗಳುಗಟ್ಟಲೆ ಕಾಡಿತು. ಸಾಹೇಬರು ತಾವೂ ನಗುತ್ತ ಹೊಲ ಹೊಲ ತಿರುಗಿ ಅಗೆದರು. ನಿಜ ಹೇಳಿದ್ದರೆ ಪ್ರತಿ ಮನೆಯ ಮಾನ ಹೋಗುತ್ತಿತ್ತು. ಆ ಚೀಲ ಇಟ್ಟವರು ಯಾರು ಎಂಬ ಪ್ರಶ್ನೆ ಬಂದು ಕೊನೆಗೆ ನನ್ನ ಕೊರಳಿಗೇ ಬರುತ್ತಿತ್ತು. ಅದನ್ನೆಲ್ಲ ಆ ಮೆಟ್ಟಿಲ ಮೇಲೆ ಕೂತು ಅವರು ಯೋಚಿಸಿದ್ದರು ಎಂಬುದು ನನಗೆ ಮಾತ್ರ ಗೊತ್ತಿತ್ತು.

ಹೊಸ ಕಾಗದ ಸಸಿಗಿಂತ ಎಂಟು ದಿನ ಮೊದಲು ಬಂತು. ಕೆಳಗಿನ ತುಂಡು ನಿಂಬೆಗೆ ಆಗದು. ಅತ್ತೆ ಆ ಸಂಜೆ ಒಬ್ಬರೇ ಹೋಗಿ ಅಲ್ಲಿ ತೋಡಿಸಿದ್ದ ಗುಂಡಿಗಳನ್ನು ನೋಡಿ ಬಂದರು. ಮರುದಿನ ಮುಂಜಾನೆ ಎದ್ದು ಮೇಲಿನ ತುಂಡಿನಲ್ಲಿ ಗುಂಡಿ ತೋಡಲು ಆಳುಗಳನ್ನು ಕರೆದರು. ಅಲ್ಲಿಗೆ ನೀರು ಏರುತ್ತಿರಲಿಲ್ಲ. ಎರಡು ಬೇಸಿಗೆ ನಾವಿಬ್ಬರೂ ಕೊಡ ಹೊತ್ತು ಗಿಡ ಉಳಿಸಿಕೊಂಡೆವು. ಮೂರನೆಯ ವರ್ಷ ಬಾವಿಗೆ ನೀರೆತ್ತುವ ಇಂಜಿನ್ ಬಂತು.

ಸಾಹೇಬರಿಗೆ ಮಾತ್ರ ಕಚೇರಿಯಿಂದ ಹುಕುಂ ಬಂತು: ಖಾನೆಗಳು ಭರವಸೆಯವಲ್ಲ, ತೆಗೆದುಹಾಕಿ, ತಗಡಿನ ಟ್ರಂಕು ಬಳಸಿ. ತಾವು ಆಡಿದ ಸುಳ್ಳನ್ನೇ ಅವರು ಕಚೇರಿಗೂ ಬರೆದು ಕಳಿಸಿದ್ದರು, ಬೇರೆ ಏನು ಬಂದೀತು? ಬೇವಿನ ಕೆಳಗೆ ಕೂತು ತಾವೇ ಒಂದೊಂದೇ ಮೊಳೆ ಕಿತ್ತರು. ಎರಡು ದಿನ ಹಿಡಿಯಿತು. ಆ ಎರಡು ದಿನ ನಾನು ಕಿಟಕಿಯ ಹತ್ತಿರ ಹೋಗಲಿಲ್ಲ.

ಅದೇ ಚಳಿಗಾಲ ಅವರಿಗೆ ವರ್ಗವಾಯಿತು. ಟ್ರಂಕುಗಳು ಗಡಗಡಿಸುವ ಗಾಡಿ ಬಾಗಿಲ ಮುಂದೆ ನಿಂತಿತ್ತು. ಅತ್ತೆಗೆ ನಮಸ್ಕಾರ ಮಾಡಿದರು. ನಾನು ಬಾಗಿಲ ಮರೆಯಲ್ಲಿದ್ದೆ. ಅತ್ತ ತಿರುಗದೆಯೇ ಅಂದರು: "ತಂಗೀ, ನಿನ್ನ ಅಕ್ಷರಾ ಭಾಳ ಚಂದ ಅದಾವ." ಅಷ್ಟೇ. ಗಾಡಿ ಹೋಯಿತು.

ಅತ್ತೆ ನಿಂಬೆಯ ಫಲ ಕಂಡರು. ಹತ್ತು ಹದಿನೈದು ವರ್ಷ ಕಂಡರು. ಮೊದಲ ಕೊಯ್ಲಿನ ದಿನ ಒಂದು ಬುಟ್ಟಿ ಬೇರೆ ತೆಗೆದಿಟ್ಟು, "ಇದು ತಿಕೋಟಾಕ ಹೋಗ್ಲಿ. ಆ ಸಾಹೇಬನ ಖಾನಿ ಬಿಚ್ಚಿದ್ದಿಲ್ಲ ಬಿಡು" ಎಂದರು. ನನ್ನ ಕಡೆ ಒಮ್ಮೆ ನೋಡಿ ಮತ್ತೆ ಕಾಯಿ ಆರಿಸತೊಡಗಿದರು. ನಾನೂ ಆರಿಸಿದೆ.

ಬುಟ್ಟಿ ವರ್ಷವರ್ಷವೂ ಯಾರದೋ ಕೈಯಲ್ಲಿ ಹೋಗುತ್ತಿತ್ತು. ನಾನೇ ಹೋಗಬೇಕು, ಎದುರು ಕೂತು ಒಂದು ಮಾತು ಆಡಬೇಕು ಅಂದುಕೊಳ್ಳುತ್ತಿದ್ದೆ. ಅತ್ತೆ ಹೋದ ಮೇಲೆ ಮನೆಯ ಯಜಮಾನಿಕೆ ನನ್ನದೇ ಆಯಿತು, ಸೆರಗು ಹೆಗಲಿಗೆ ಇಳಿಯಿತು, ಯಾರ ಭಯವೂ ಉಳಿಯಲಿಲ್ಲ. ಆದರೂ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಇದ್ದೆ… ಒಂದು ವರ್ಷ ಬುಟ್ಟಿ ಒಯ್ದವನು ಅವರು ತೀರಿಕೊಂಡು ಎರಡು ತಿಂಗಳಾಯಿತು ಎಂಬ ಸುದ್ದಿ ತಂದ.

ಆಗ ಹೋದೆ. ಅವರ ಹೆಂಡತಿ ಅಂಗಳದಲ್ಲಿ ಮೆಂತ್ಯ ಸೋಸುತ್ತಿದ್ದರು. ಪಕ್ಕದಲ್ಲಿ ಕೂತವಳು ಸಾಣಿಗೆಯಿಂದ ಹಿಡಿದು ಚೀಟಿಯವರೆಗೆ ಎಲ್ಲ ಹೇಳಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಖಾನೆ ಜಾರಿ ಬಿತ್ತು ಎಂದೇ ಅವರೂ ಇಷ್ಟು ವರ್ಷ ಗಂಡನನ್ನು ಕಾಡಿಸಿದ್ದರಂತೆ. ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಸಂಜೆಯ ಬಸ್ಸು ಹೋದದ್ದೂ ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಅವರು ಕೇಳಿದರು, "ಇಷ್ಟ ಮಾತಾಡಾಕಿ, ಅವರ ಮುಂದ ಒಂದಾದ್ರೂ ಮಾತ ಯಾಕ ಆಡಲಿಲ್ಲ ಬೇ?"

ನಾನು ಮೆಂತ್ಯದ ಒಂದು ಕಟ್ಟು ಎಳೆದುಕೊಂಡು ಸೋಸತೊಡಗಿದೆ. ಅವರ ಗಾಡಿ ನಮ್ಮ ಅಂಗಳದಲ್ಲಿದ್ದಷ್ಟು ದಿನ ನಾನು ಅವರಿಗೆ ಆಡಿದ್ದೆಂದರೆ ಆ ಚೀಟಿಯ ಎರಡು ಸಾಲು. ಉಳಿದದ್ದನ್ನೆಲ್ಲ ಹೇಳಿ ಮುಗಿಸಿದ ದಿನ ಕೇಳಬೇಕಾದವರು ಇರಲಿಲ್ಲ.