ಕೊಂದದ್ದು ಅಡುಗೆಯವಳು

ರವಿಕೆಯ ಹುಕ್ಕೊಂದು ಕಿತ್ತುಹೋಗಿತ್ತು. ಅದನ್ನು ಹಾಕೋಣವೆಂದು ಇವತ್ತು ಬೆಳಿಗ್ಗೆ ಖರ್ಜೂರದ ಡಬ್ಬಿ ತೆಗೆದೆ. ಡಬ್ಬಿ ಕತಾರಿನದು. ಖರ್ಜೂರ ಮುಗಿದು ಎಷ್ಟೋ ವರ್ಷವಾಯಿತು. ಈಗ ಅದರಲ್ಲಿರುವುದು ಸೂಜಿ, ದಾರ, ಹುಕ್ಕು, ಯಾರ ಅಂಗಿಯದೋ ಗುಂಡಿಗಳು. ದಾರ ಪೋಣಿಸಲು ಕೂತರೆ ದಾರ ಒಂದು ಕಡೆ ಹೋಗುತ್ತದೆ, ಸೂಜಿಯ ಕಣ್ಣು ಇನ್ನೊಂದು ಕಡೆ ಇರುತ್ತದೆ. ಮೂವತ್ತು ವರ್ಷ ಮಂಗಳೂರಿನ ಹೆಂಗಸರಿಗೆ ರವಿಕೆ ಹೊಲಿದವಳು ನಾನು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಜಂಬಪಡಲು ಇದ್ದದ್ದು ಅದೊಂದೇ.

ಹೋದ ವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರು ನನ್ನನ್ನು ಒಳಗೆ ಕೂರಿಸಿ, ಮಗನ ಹತ್ತಿರ ಬಾಗಿಲಿನ ಆಚೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಮಗ ಬಂದು, "ಎಂತ ಇಲ್ಲ ಅಮ್ಮ, ಡ್ರಾಪ್ಸ್ ಹಾಕಿದ್ರೆ ಸರಿಯಾಗ್ತದೆ" ಎಂದ. ಎಂದದ್ದು ನನ್ನ ಮುಖ ನೋಡಿ ಅಲ್ಲ, ಕೈಯಲ್ಲಿದ್ದ ಕಾರಿನ ಕೀಲಿಕೈ ನೋಡಿ. ನಾನು ಹೂಂ ಎಂದೆ.

ಹುಕ್ಕು ಹುಡುಕುತ್ತ ಡಬ್ಬಿಯ ತಳಕ್ಕೆ ಕೈ ಹಾಕಿದಾಗ ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ಒಂದು ನಕ್ಷತ್ರ. ಕಾರ್ನ್‌ಫ್ಲೇಕ್ಸ್ ಪೆಟ್ಟಿಗೆಯ ರಟ್ಟು ಕತ್ತರಿಸಿ, ಮೇಲೆ ಚಾಕೊಲೇಟಿನ ಬಂಗಾರದ ಕಾಗದ ಅಂಟಿಸಿ, ಹಿಂದೆ ಪಿನ್ನು ಸಿಕ್ಕಿಸಿದ್ದು. ನಡುವೆ ಇಂಗ್ಲಿಷಿನಲ್ಲಿ ಪೊಲೀಸ್ ಎಂದು ಬರೆದಿದೆ. ಅದರ ಕತೆ ಹೇಳುತ್ತೇನೆ, ಕೂತುಕೊಳ್ಳಿ. ಅನ್ನಕ್ಕೆ ನೀರಿಡಲು ಇನ್ನೂ ಹೊತ್ತುಂಟು.

ಹದಿನೇಳೋ ಹದಿನೆಂಟೋ ವರ್ಷದ ಹಿಂದಿನ ಮಾತು. ಮಗ ಹರೀಶ ಕತಾರಿನಲ್ಲಿ ಎಣ್ಣೆ ಕಂಪೆನಿಯೊಂದರಲ್ಲಿದ್ದ. ಸೊಸೆ ವೀಣಾ ಮೈಸೂರಿನವಳು. ದೋಹಾದ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಎದುರಿನ ಮೇಜಿಗೆ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಅವಳಿಗೆ. ಮೊಮ್ಮಗಳು ನಿಧಿಗೆ ಒಂಬತ್ತು ವರ್ಷ. ದೋಹಾದ ಅಲ್ ಹಿಲಾಲ್ ಎಂಬಲ್ಲಿ ಎರಡನೆಯ ಮಾಳಿಗೆಯ ಮನೆ. ಕೆಲವು ತಿಂಗಳು ಇದ್ದು ಬರಲು ನಾನು ಅಲ್ಲಿಗೆ ಹೋಗಿದ್ದೆ. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು, ಆಗ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗಳು ತಾವಾಗಿ ಮಾತಾಡುತ್ತಿದ್ದವು. ಹಗಲೆಲ್ಲ ನನ್ನ ಹತ್ತಿರ ಮಾತಾಡಿದ್ದು ಆ ತಟ್ಟೆಗಳೇ. ಬಾಲ್ಕನಿಯಲ್ಲಿ ನಿಂತರೆ ಕ್ರೇನುಗಳು ಕಾಣುತ್ತಿದ್ದವು. ಒಂದು ಸಲ ಸೂಕ್ ವಾಕಿಫ್ ಎಂಬ ಹಳೆಯ ಪೇಟೆ ತೋರಿಸಿದರು, ಅಲ್ಲಿ ಮಾರಾಟಕ್ಕಿಟ್ಟ ಗಿಡುಗವೊಂದು ನನ್ನನ್ನು ಅಳತೆ ತೆಗೆಯುವವರ ಹಾಗೆ ನೋಡಿತು. ಮತ್ತೆ ನಾನು ಆ ಕಡೆ ಹೋಗಲಿಲ್ಲ.

ನಾನು ಹೋಗಿ ಎರಡು ತಿಂಗಳಾಗಿರಬೇಕು, ಹರೀಶನಿಗೆ ದುಖಾನಿಗೆ ವರ್ಗವಾಯಿತು. ದುಖಾನ್ ಎಂದರೆ ಮರುಭೂಮಿ ದಾಟಿ ಆಚೆ ಸಮುದ್ರದ ಕಡೆ. ಕಂಪೆನಿ ಮನೆ ಕೊಡುತ್ತದೆ. ಮಗುವಿನ ಶಾಲೆ ಮಾತ್ರ ದೋಹಾದಲ್ಲೇ. ಗಂಡ ಹೆಂಡತಿ ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. ಮೂರನೆಯ ದಿನ ಹರೀಶ ಬಂದು ಹೇಳಿದ: "ಅಮ್ಮ, ಏಪ್ರಿಲಲ್ಲಿ ನೀನು ಹೋಗುವಾಗ ನಿಧಿಯನ್ನು ಕರ್ಕೊಂಡು ಹೋಗು. ಮಂಗಳೂರಲ್ಲಿ ಶಾಲೆ ನೋಡಿ ಆಗಿದೆ. ಅವಳಿಗೆ ಈಗ ಹೇಳ್ಬೇಡ, ಪರೀಕ್ಷೆ ಮುಗೀಲಿ."

ಕೇಳಿದ್ದಲ್ಲ, ತಿಳಿಸಿದ್ದು. ನಾನು ಹೂಂ ಎಂದೆ. ಮನಸ್ಸಿನಲ್ಲಿ ಇದ್ದದ್ದು ಊಹೂಂ. ಗಂಡ ಸತ್ತ ಮೇಲೆ ಮೂರು ಮಕ್ಕಳನ್ನು ಹೊಲಿಗೆ ಮೆಷಿನ್ನು ತುಳಿದು ಸಾಕಿದ್ದೇನೆ. ಅರುವತ್ತಾದ ಮೇಲೆ ಇನ್ನೊಬ್ಬರ ಮಗುವಿಗೆ ಜಡೆ ಹಾಕಿ, ಹೋಂವರ್ಕು ನೋಡಿ, ಜ್ವರಕ್ಕೆ ಎದ್ದು ಕೂರುವ ಆಸೆ ನನಗೆ ಇರಲಿಲ್ಲ. ಮೊಮ್ಮಗಳಾದರೂ ಸರಿ, ಇರಲಿಲ್ಲ. ಆದರೂ ಹೂಂ ಎಂದೆ. ನಮ್ಮ ಬಾಯಿಗೆ ಅದು ಅಭ್ಯಾಸ.

ಇಲ್ಲಿ ನನ್ನ ಇನ್ನೊಂದು ಜಂಬದ ಬಗ್ಗೆಯೂ ಹೇಳಿಬಿಡಬೇಕು. ನಾನು ಸುಳ್ಳು ಹೇಳುವವಳಲ್ಲ. ಅಳತೆ ಕೊಡಲು ಬಂದವರಿಗೆ "ಬಟ್ಟೆ ಸಾಲುವುದಿಲ್ಲ, ನೀವು ದಪ್ಪ ಆಗಿದ್ದೀರಿ" ಎಂದು ಮುಖಕ್ಕೆ ಹೇಳಿ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡವಳು. ಅಂಥವಳು ಮೂರು ವಾರ ಆ ಮಗುವಿನ ಎದುರು ಬಾಯಿಗೆ ಬೀಗ ಹಾಕಿಕೊಂಡು ತಿರುಗಿದೆ. ಬಾಯಿ ಮುಚ್ಚಿದ್ದರೆ ಅದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಗಲೇ ಒಂದು ದಿನ ವೀಣಾ ಕೆಲಸದಿಂದ ಬಂದವಳು, ನಾನು ಬಸಳೆ ಹೆಚ್ಚುತ್ತಿದ್ದಾಗ ಕೇಳಿದಳು: "ಅತ್ತೆ, ಮನೇಲಿ ಒಂದು ಕೊಲೆ ಇಟ್ಕೊಳ್ಳೋಣ್ವಾ?"

"ಯಾರದ್ದು?" ಎಂದೆ.

ಅವಳು ನಗುತ್ತ ನೆಲದ ಮೇಲೆ ಕೂತೇಬಿಟ್ಟಳು. ಅದೊಂದು ಆಟವಂತೆ. ಅವಳ ಜೊತೆ ಕೆಲಸ ಮಾಡುವ ಫಿಲಿಪೈನ್ಸಿನ ಹುಡುಗಿಯ ಮನೆಯಲ್ಲಿ ಆಡಿದ್ದರಂತೆ. ಊಟಕ್ಕೆ ಕರೆಯುವುದು, ಬಂದವರಿಗೆಲ್ಲ ಒಂದೊಂದು ಚೀಟಿ ಕೊಡುವುದು. ನೀನು ಡಾಕ್ಟರು, ನೀನು ಡ್ರೈವರು ಎಂದು ಅದರಲ್ಲಿ ಬರೆದಿರುತ್ತದೆ. ಒಬ್ಬ ಸತ್ತಿರುತ್ತಾನೆ. ಊಟ ಮಾಡುತ್ತ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ ಕೊಂದವರನ್ನು ಹಿಡಿಯಬೇಕು. ಎಲ್ಲರೂ ನಿಜ ಹೇಳಬೇಕು, ಕೊಂದವನೊಬ್ಬ ಮಾತ್ರ ಸುಳ್ಳು ಹೇಳಬಹುದು. ಊಟಕ್ಕೆ ಕರೆದು ಕಳ್ಳರ ಹಾಗೆ ವಿಚಾರಣೆ ಮಾಡುವುದು ಯಾವ ಮರ್ಯಾದೆ ಎಂದು ಕೇಳಿದೆ. "ಹೋಗೋ ಮುಂಚೆ ಎಲ್ಲರೂ ಒಂದ್ಸಲ ನಗ್ತಾ ಕೂತ್ಕೊಳ್ಳೋಣ ಅತ್ತೆ" ಎಂದಳು. ದುಖಾನಿಗೆ ಹೋದರೆ ಅವಳು ಕೆಲಸವನ್ನೂ ಬಿಡಬೇಕಿತ್ತು. ನಾನು ಉಳಿದ ಬಸಳೆ ಹೆಚ್ಚಿದೆ.

ಶುಕ್ರವಾರ ಮಧ್ಯಾಹ್ನಕ್ಕೆ ಆಟ ಗೊತ್ತುಮಾಡಿದರು. ಆಟದ ಪ್ರಕಾರ ರಾತ್ರಿಯಾಗಬೇಕಂತೆ, ಆದರೆ ಬರುವವರಲ್ಲಿ ಒಬ್ಬ ವಿಠಲಣ್ಣ. ನಮ್ಮ ಕಡೆಯವನು, ಏಸಿ ರಿಪೇರಿಯ ಅಂಗಡಿ, ಶುಕ್ರವಾರ ಸಂಜೆ ಅಂಗಡಿ ತೆರೆಯಲೇಬೇಕು. ಹಾಗಾಗಿ ಪರದೆ ಎಳೆದು, ಮೇಣದ ಬತ್ತಿ ಹಚ್ಚಿ, ನಟ್ಟನಡು ಹಗಲಿಗೆ ರಾತ್ರಿ ಮಾಡಿದರು. ಇನ್ನಿಬ್ಬರು ಹರೀಶನ ಆಫೀಸಿನ ಮೂರ್ತಿಯವರು ಮತ್ತು ಅವರ ಹೆಂಡತಿ ಪದ್ಮಾ, ಬೆಂಗಳೂರಿನವರು. ಅವರಿಗೆ ಮೀನು ಆಗದೆಂದು ನೀರುದೋಸೆ, ಹುರುಳಿ ಸಾರು, ಬಸಳೆ ಗಸಿ, ಹೆಸರುಬೇಳೆ ಪಾಯಸ ಮಾಡಿದ್ದೆ.

ಸತ್ತವನು ಒಬ್ಬ ಸಾಹುಕಾರ. ಸಾಹುಕಾರ ಎಂದರೆ ಉದ್ದ ದಿಂಬು. ಅದಕ್ಕೆ ಹರೀಶನ ಹಳೆಯ ಅಂಗಿ ತೊಡಿಸಿ, ಕನ್ನಡಕ ಇಟ್ಟು, ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ನೋಡಿದೆ, ಸುಮ್ಮನಿರಲು ಆಗಲಿಲ್ಲ. "ಹೆಣದ ತಲೆ ದಕ್ಷಿಣಕ್ಕಿರಬೇಕು. ಯಾರು ಹೀಗೆ ಮಲಗಿಸಿದ್ದು?" ಎಂದೆ. ಯಾರಿಗೂ ದೋಹಾದಲ್ಲಿ ದಕ್ಷಿಣ ಯಾವ ಕಡೆ ಎಂದು ಗೊತ್ತಿಲ್ಲ. ವಿಠಲಣ್ಣ ಬಾಲ್ಕನಿಗೆ ಹೋಗಿ ಬಿಸಿಲು ನೋಡಿ ಬಂದು, ಸಾಹುಕಾರನನ್ನು ತಿರುಗಿಸಿದ.

ಬಡಿಸಿದ ಮೇಲೆ ಇನ್ನೊಂದು ತೊಂದರೆ. ಪದ್ಮಾ ದೋಸೆ ಮುರಿಯುತ್ತಾಳೆ, ಬಾಯಿಗೆ ಇಡುವುದಿಲ್ಲ.

"ಏನಾಯ್ತು ಪದ್ಮಾ?" ಎಂದಳು ವೀಣಾ.

"ಏನಿಲ್ಲ ಕಣೇ. ಮನೇಲಿ ಹೆಣ ಇಟ್ಕೊಂಡು ಹೇಗೆ ಊಟ ಮಾಡೋದು ಅಂತ."

"ಅದು ದಿಂಬು, ಪದ್ಮಾ" ಎಂದರು ಮೂರ್ತಿಯವರು.

"ದಿಂಬು ಅಂತ ನಂಗೂ ಗೊತ್ತು ರೀ. ಆದ್ರೂ ಗಂಟಲಲ್ಲಿ ಇಳೀತಿಲ್ಲ."

ಅವಳು ಹೇಳಿದ್ದೇ ತಡ, ಉಳಿದವರ ಕೈಯೂ ನಿಂತಿತು. ಪೇಟೆಯವರು, ಓದಿದವರು, ಆದರೂ ಹೆಣ ಎತ್ತುವ ಮುಂಚೆ ಉಣ್ಣಬಾರದು ಎಂಬುದು ಎಲ್ಲರ ಹೊಟ್ಟೆಯಲ್ಲೂ ಇತ್ತು. ಕೊನೆಗೆ ಹರೀಶ, ವಿಠಲಣ್ಣ ಎರಡು ಕಡೆ ಹಿಡಿದು ಸಾಹುಕಾರನನ್ನು ಬಾಲ್ಕನಿಗೆ ಸಾಗಿಸಿದರು. "ಕೈ ಕಾಲು ತೊಳ್ಕೊಂಡು ಬರ್ತೇನೆ ಮಾರಾಯ್ರೆ, ಸ್ನಾನಕ್ಕೆ ಟೈಮಿಲ್ಲ" ಎಂದ ವಿಠಲಣ್ಣ. ಹೆಣದ ಅಂಗಿಯ ಜೇಬಿನಲ್ಲಿ ಯಾವುದೋ ಸಾಕ್ಷಿಯ ಚೀಟಿ ಇತ್ತಂತೆ. ಅದೂ ಬಾಲ್ಕನಿಗೆ ಹೋಯಿತು. ವೀಣಾ ತಲೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಎಲ್ಲರೂ ಚೆನ್ನಾಗಿ ಉಂಡರು.

ನನ್ನ ಚೀಟಿಯನ್ನು ವೀಣಾ ಕನ್ನಡದಲ್ಲಿ ಬರೆದಿದ್ದಳು. "ನೀವು ಅಡುಗೆಯವರು. ಬಾದಾಮಿ ಹಾಲಿನಲ್ಲಿ ವಿಷ ಹಾಕಿ ಕೊಂದದ್ದು ನೀವೇ. ಯಾರಾದರೂ ಕೇಳಿದರೆ ಸುಳ್ಳು ಹೇಳಬಹುದು." ಓದಿ ಸೆರಗಿಗೆ ಸಿಕ್ಕಿಸಿಕೊಂಡು ಕಾದೆ. ಕಾದೇ ಕಾದೆ. ಮೂರ್ತಿಯವರು ವಿಠಲಣ್ಣನನ್ನು ಕೇಳಿದರು, ವಿಠಲಣ್ಣ ಪದ್ಮಾಳನ್ನು ಕೇಳಿದ, ಪದ್ಮಾ ಹರೀಶನೇ ಕೊಂದದ್ದೆಂದು ಅವನನ್ನು ಬೈದೇ ಬೈದಳು. ನನ್ನ ಹತ್ತಿರ ಬಂದದ್ದು ಮೂರ್ತಿಯವರು ಒಬ್ಬರೇ. ಬಗ್ಗಿ, ದನಿ ತಗ್ಗಿಸಿ ಕೇಳಿದರು: "ಅಮ್ಮಾ, ಈ ಸಾರಿಗೆ ಏನು ಹಾಕಿದೀರಿ?" ನಾನು ಸೆರಗಿನ ಚೀಟಿ ಮುಟ್ಟಿಕೊಂಡೆ. ನೋಡಿದರೆ ಅವರು ಕೇಳಿದ್ದು ಹುರುಳಿ ಸಾರಿನ ಮಸಾಲೆ. ಹೇಳಿದೆ. ನಾನು ಹಿರಿಯಳಲ್ಲವೇ, ವಯಸ್ಸಾದವರನ್ನು "ನೀವು ಕೊಂದಿರಾ" ಎಂದು ಕೇಳಲು ಅವರಿಗೆ ನಾಲಗೆ ಹೊರಳಲಿಲ್ಲ. ನಮ್ಮವರ ಮಧ್ಯೆ ಕೊಲೆ ಮಾಡಿ ಬಚಾವಾಗಲು ತಲೆಕೂದಲು ಬೆಳ್ಳಗಾದರೆ ಸಾಕು.

ನಿಧಿ ಪೊಲೀಸು. ಎದೆಗೆ ಈ ನಕ್ಷತ್ರ ಚುಚ್ಚಿಕೊಂಡು, ನೋಟ್‌ಬುಕ್ಕು ಪೆನ್ಸಿಲು ಹಿಡಿದು ಒಬ್ಬೊಬ್ಬರ ಮುಂದೆ ನಿಂತು ಬರೆದುಕೊಳ್ಳುತ್ತಿದ್ದಳು. ಪಾಯಸದ ಹೊತ್ತಿಗೆ ನನ್ನ ಮುಂದೆ ಬಂದಳು.

"ಅಜ್ಜಿ, ಮರ್ಡರ್ ಮಾಡಿದ್ದು ನೀವಾ?"

"ಹೌದು" ಎಂದೆ.

ಎಲ್ಲರೂ ಗದ್ದಲ ಎಬ್ಬಿಸಿದರು. "ಖಲಾಸ್! ಆಟ ಮುಗೀತು!" ಎಂದು ವಿಠಲಣ್ಣ ಚಪ್ಪಾಳೆ ತಟ್ಟಿದ. "ಅಯ್ಯೋ ಅತ್ತೇ, ಸುಳ್ಳು ಹೇಳಬಹುದು ಅಂತ ಬರೆದಿದ್ನಲ್ಲಾ!" ಎಂದಳು ವೀಣಾ.

"ಮಗು ಕೇಳಿತು, ಹೇಳಿದೆ. ನೀವು ಯಾರೂ ಕೇಳಲಿಲ್ಲ."

ಎಲ್ಲರೂ ನಗುತ್ತಿದ್ದರು. ನಿಧಿ ಮಾತ್ರ ನಗಲಿಲ್ಲ. ಕೇಳಿದರೆ ಅಜ್ಜಿ ನಿಜ ಹೇಳುತ್ತಾರೆ ಎಂಬುದು ಅವಳಿಗೆ ಆಗ ಗೊತ್ತಾಯಿತು ಎಂದು ಕಾಣುತ್ತದೆ. ನೋಟ್‌ಬುಕ್ಕಿನ ಹಾಳೆ ತಿರುವಿದಳು.

"ಇನ್ನೊಂದು ಕೇಸ್ ಇದೆ" ಎಂದಳು. "ಕ್ಲೂ ಒಂದು. ನನ್ನ ಕ್ಲಾಸಲ್ಲಿ ಎಲ್ಲರೂ ಹೊಸ ಯೂನಿಫಾರ್ಮ್ ಫಾರ್ಮ್ ಕೊಟ್ರು, ಅಮ್ಮ ಕೊಡ್ಲಿಲ್ಲ. ಕ್ಲೂ ಎರಡು. ಅಪ್ಪ ಫೋನಲ್ಲಿ ಟೀಸಿ ಟೀಸಿ ಅಂತಾರೆ, ನಾನು ಬಂದ್ರೆ ಬಾಲ್ಕನಿಗೆ ಹೋಗ್ತಾರೆ. ಕ್ಲೂ ಮೂರು. ಅಜ್ಜಿ ನಂಗೆ ಚಪ್ಪಲಿ ಬೇಡ, ಊರಲ್ಲಿ ತಗೊಂಡ್ರೆ ಆಯ್ತು ಅಂದ್ರು."

ನೋಡಿ, ಬಾಯಿಗೆ ಬೀಗ ಹಾಕಿದ್ದೇನೆ ಎಂದುಕೊಂಡವಳ ಬಾಯಿಯಿಂದಲೇ ಚಪ್ಪಲಿ ಜಾರಿತ್ತು.

"ಅಜ್ಜಿ, ನನ್ನ ಮಂಗಳೂರಿಗೆ ಕಳಿಸ್ತಾರಾ?"

ಹರೀಶ "ನಿಧೀ" ಎಂದ. ಅವಳು ಅವನ ಕಡೆ ನೋಡಲಿಲ್ಲ. ವೀಣಾಳ ಕೈಯಲ್ಲಿ ಪಾಯಸದ ಸೌಟು ಹಾಗೇ ನಿಂತಿತ್ತು. ಹರೀಶ ನನ್ನತ್ತ ಕಣ್ಣು ಮಾಡಿದ. ಆ ಕಣ್ಣಿನಲ್ಲಿ ಹೇಳಬೇಡ ಎಂದು ಬರೆದಿತ್ತು. ಓದಲು ಬಾರದಷ್ಟು ದಡ್ಡಿಯಲ್ಲ ನಾನು. ಆದರೆ ಕೊಲೆ ಒಪ್ಪಿಕೊಂಡು ಎರಡು ನಿಮಿಷ ಆಗಿಲ್ಲ, ಇದನ್ನು ಹೇಗೆ ಇಲ್ಲ ಎನ್ನುವುದು?

"ಹೌದು" ಎಂದೆ. "ಏಪ್ರಿಲಿನಲ್ಲಿ, ನನ್ನ ಜೊತೆ."

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಬರೆದುಕೊಂಡಳು. ಬರೆದು ತಲೆ ಎತ್ತಿ ಕೇಳಿದಳು: "ನಿಮಗೆ ಇಷ್ಟ ಇದೆಯಾ?"

ಮೂರು ವಾರದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಇಲ್ಲ" ಎಂದೆ. "ನನಗೆ ಸಾಕಾಗಿದೆ. ನಿನಗೆ ಅಪ್ಪ ಅಮ್ಮ ಇದ್ದಾರೆ, ಅವರ ಹತ್ತಿರ ಇರು."

ಒಂದು ವಿಮಾನ ಇಳಿಯಿತು, ತಟ್ಟೆಗಳು ಗಿಣಿಗಿಣಿ ಎಂದವು. ಅದು ಮುಗಿದ ಮೇಲೆ ವೀಣಾ ಸೌಟು ಪಾತ್ರೆಗೆ ಇಟ್ಟು, "ನಂಗೂ ಇಷ್ಟ ಇಲ್ಲ ರೀ" ಎಂದಳು.

"ಮತ್ತೆ ಯಾಕೆ ಹೇಳಲಿಲ್ಲ?" ಎಂದ ಹರೀಶ.

"ನೀವು ಎಲ್ಲಾ ಡಿಸೈಡ್ ಮಾಡಿ ಆದ್ಮೇಲೆ ಏನಂತ ಹೇಳ್ಲಿ?"

ಮೂರ್ತಿಯವರು ತಟ್ಟೆ ನೋಡುತ್ತ ಕೂತರು. ವಿಠಲಣ್ಣನೇ ಬಾಯಿ ಬಿಟ್ಟದ್ದು: "ಹರೀಶಣ್ಣ, ನನ್ನ ಅಂಗಡಿಯ ಹುಡುಗರು ವಾರವಿಡೀ ದುಖಾನಿನಲ್ಲಿ ಕೆಲಸ ಮಾಡಿ ಗುರುವಾರ ಬರ್ತಾರೆ. ಸತ್ತಿಲ್ಲ ಮಾರಾಯ್ರೆ. ನೀವೂ ಸಾಯೂದಿಲ್ಲ."

ಹಾಗೇ ಆಯಿತು. ವೀಣಾ, ನಿಧಿ ದೋಹಾದಲ್ಲೇ ಉಳಿದರು. ವೀಣಾ ಕೆಲಸ ಬಿಡಲಿಲ್ಲ. ಹರೀಶ ಮೂರು ವರ್ಷ ದುಖಾನಿನಲ್ಲಿ ಒಬ್ಬನೇ ಇದ್ದು ಗುರುವಾರ ಸಂಜೆ ಕಾರು ಓಡಿಸಿಕೊಂಡು ಬರುತ್ತಿದ್ದ. ಸುಲಭವಾಯಿತೆಂದು ನಾನು ಹೇಳುವುದಿಲ್ಲ. ಅವನೇ ಬೇಯಿಸಿಕೊಂಡು, ಬೇಯಿಸದೆ ಬ್ರೆಡ್ಡು ತಿಂದು, ಹೊಟ್ಟೆ ಕೆಡಿಸಿಕೊಂಡ. ಈಗಲೂ ಹೊಟ್ಟೆ ಉರಿದಾಗ ಮಾತ್ರೆ ನುಂಗುತ್ತ, "ಇದು ಅಡುಗೆಯವಳು ಹಾಕಿದ ವಿಷ" ಎಂದು ನನಗೆ ಕೇಳುವ ಹಾಗೆ ಹೇಳುತ್ತಾನೆ. ಹೇಳಲಿ. ನಾನು ಏಪ್ರಿಲಿನಲ್ಲಿ ಒಬ್ಬಳೇ ವಿಮಾನ ಹತ್ತಿದೆ. ಹೊರಡುವಾಗ ನಿಧಿ ಈ ನಕ್ಷತ್ರ ಕೈಗೆ ಕೊಟ್ಟು, "ಕೇಸ್ ಕ್ಲೋಸ್" ಎಂದಳು.

ಈಗ ಹರೀಶ, ವೀಣಾ ಮಂಗಳೂರಿಗೇ ಬಂದಿದ್ದಾರೆ, ನಾನು ಅವರ ಜೊತೆ ಇದ್ದೇನೆ. ನಿಧಿ ಪುಣೆಯಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಾಳೆ. ನಕ್ಷತ್ರ ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತೆ. ಡಾಕ್ಟರು ಬಾಗಿಲಿನ ಆಚೆ ನಿಂತು ಮಾತಾಡುವುದು, ಮಗ ಕೀಲಿಕೈ ನೋಡುತ್ತ ಹೇಳುವುದು, ಇದೆಲ್ಲ ಕ್ಲೂ ಅಲ್ಲದೆ ಮತ್ತೇನು? ಆ ಒಂಬತ್ತು ವರ್ಷದ ಮಗುವಿಗೆ ಇದ್ದ ಧೈರ್ಯ ನನಗಿಲ್ಲವೇ ಎಂದು ನಾಚಿಕೆಯಾಯಿತು. ಹೂಂ ಎಂದು ಬಂದಿದ್ದೆನಲ್ಲ.

ಫೋನ್ ಮಾಡಿದೆ.

"ಪೊಲೀಸಮ್ಮ, ಕಣ್ಣಿನ ಡಾಕ್ಟರು ನಿನ್ನಪ್ಪನ ಹತ್ತಿರ ಎಂತ ಹೇಳಿದರು?"

"ಅಪ್ಪ ಹೇಳ್ಬೇಡ ಅಂದಿದಾರೆ ಅಜ್ಜಿ."

"ಗೊತ್ತುಂಟು. ನಾನು ಕೇಳ್ತಾ ಇದ್ದೇನೆ."

"ಎಡಗಣ್ಣಿನ ದೃಷ್ಟಿ ಹೋದದ್ದು ಹೋಯ್ತಂತೆ. ಇನ್ನು ವಾಪಸ್ ಬರಲ್ಲ."

"ಬಲಗಣ್ಣು?"

"ಅದು ಚೆನ್ನಾಗಿದೆ. ಡ್ರಾಪ್ಸ್ ಬಿಡದೆ ಹಾಕಿದ್ರೆ ಹಾಗೇ ಇರುತ್ತಂತೆ." ಮತ್ತೆ, "ಅಜ್ಜಿ, ಅಳ್ತಿದೀರಾ?" ಎಂದಳು.

"ಇಲ್ಲ. ಸೂಜಿ ಪೋಣಿಸಲಿಕ್ಕುಂಟು. ಫೋನ್ ಇಡು."

ಕಿಟಕಿಯ ಹತ್ತಿರ ಹೋಗಿ ಎಡಗಣ್ಣು ಮುಚ್ಚಿಕೊಂಡು ಸೂಜಿಯನ್ನು ಬೆಳಕಿಗೆ ಹಿಡಿದೆ. ಮೂರನೆಯ ಸಲಕ್ಕೆ ದಾರ ಒಳಗೆ ಹೋಯಿತು. ಹುಕ್ಕು ಹಾಕಿದ್ದೇನೆ. ಸ್ವಲ್ಪ ಸೊಟ್ಟಗಾಗಿದೆ. ಯಾರಾದರೂ ಕೇಳಿದರೆ ಯಾಕೆಂದು ಹೇಳುತ್ತೇನೆ.