ಬಸ್ಸಿನ ನೆತ್ತಿಗೆ ಹೋದ ಮಡಕೆ

ನಾನು ಚಿಕ್ಕವಳಿದ್ದಾಗ, ಅಂದರೆ ನಮ್ಮ ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲದಲ್ಲಿ, ನಮ್ಮಪ್ಪ ಮಡಿಕೇರಿಯಿಂದ ಒಂದು ಮಡಕೆ ಹಿಡಿದುಕೊಂಡು ಹೊರಟ. ಆ ಮಡಕೆ ಮನೆ ಮುಟ್ಟಲಿಲ್ಲ. ಮಡಕೆ ಹೋದದ್ದಕ್ಕೆ ಇಷ್ಟು ದೊಡ್ಡ ಕಥೆಯಾ ಅಂತ ಮೂಗು ಮುರಿಯಬೇಡಿ. ಮೊದಲು ಕೇಳಿ, ಆಮೇಲೆ ಮುರಿಯುವುದಾದರೆ ಮುರಿಯಿರಿ.

ನಮ್ಮದು ಶನಿವಾರಸಂತೆಗೆ ಹತ್ತಿರದ ಒಂದು ಹಳ್ಳಿ. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ, ಕಾಫಿಯ ನಡುವೆ ಕಿತ್ತಳೆ ಗಿಡಗಳು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಮತ್ತೆ ನಾನು. ಆಗ ಚಳಿಗಾಲ. ಕಿತ್ತಳೆ ಹಣ್ಣಾಗಿ ಗಿಡವೆಲ್ಲ ಕೆಂಪಗೆ ಕಾಣುತ್ತಿತ್ತು. ಕೊಟ್ಟಿಗೆಯ ಪಕ್ಕ ಬುಟ್ಟಿಗಟ್ಟಲೆ ಹಣ್ಣು ಬಿದ್ದಿರುತ್ತಿತ್ತು. ಅವ್ವ ತುಂಬಿದ ಬಸುರಿ. ಅವಳಿಗೆ ಆ ಹಣ್ಣಿನ ವಾಸನೆಯೇ ಆಗದು. ನಾನು ತಿಂದು ಬಂದರೆ, ಕೈ ತೊಳೆದುಕೊಂಡು ಬಾ ಎಂದು ದೂರದಿಂದಲೇ ಗದರುತ್ತಿದ್ದಳು.

ಇಲ್ಲಿ ನಿಮಗೊಂದು ಮಾತು ತಿಳಿಸಬೇಕು. ಹೊಟ್ಟೆಯೊಳಗಿನ ಕೂಸಿಗೆ ಅನ್ನ, ನೀರು, ಉಸಿರು ಎಲ್ಲ ಮಾಸಿನಿಂದ ಹೋಗುತ್ತದೆ. ಮಾಸಿಗೂ ಕೂಸಿಗೂ ನಡುವೆ ಇರುವ ಬಳ್ಳಿಯೇ ಹೊಕ್ಕುಳಬಳ್ಳಿ. ಕೂಸು ಹುಟ್ಟಿದ ಹಿಂದೆಯೇ ಮಾಸೂ ಹೊರಗೆ ಬರುತ್ತದೆ. ಅದನ್ನು ನಮ್ಮಲ್ಲಿ ಕಸ ಎಂದು ಎಸೆಯುತ್ತಿರಲಿಲ್ಲ. ಹೊಸ ಮಡಕೆಯಲ್ಲಿ ಉಪ್ಪು ಅರಿಸಿನದ ಜೊತೆ ಇಟ್ಟು, ಬಚ್ಚಲ ಹಿಂದೆ ಆಳವಾಗಿ ಹೂತು, ಮೇಲೆ ಚಪ್ಪಡಿ ಎಳೆದು, ಮುಳ್ಳು ಹೊದಿಸುತ್ತಿದ್ದರು. ಬಾಣಂತಿ ಮೀಯುವ ಬಿಸಿನೀರು ಆ ಜಾಗದ ಮೇಲೆ ಹರಿಯಬೇಕು. ನಾಯಿ ನರಿ ಮುಟ್ಟಿದರೆ ತಾಯಿಯ ಹಾಲು ಬತ್ತುತ್ತದೆ, ಕೂಸು ಉಳಿಯುವುದಿಲ್ಲ ಎಂದು ನಂಬಿಕೆ. ನಂಬಿಕೆ ನಿಜವೋ ಸುಳ್ಳೋ ಎಂದು ನನ್ನನ್ನು ಕೇಳಬೇಡಿ. ನಮ್ಮ ಅವ್ವ ನಂಬಿದ್ದಳು, ಅಷ್ಟೇ.

ಅವಳು ನಂಬಲು ಕಾರಣವೂ ಇತ್ತು. ನನ್ನ ಬೆನ್ನಿಗೆ ಒಂದು ಗಂಡುಕೂಸು ಮನೆಯಲ್ಲೇ ಹುಟ್ಟಿತ್ತು. ಆಗ ಗುಂಡಿ ಸರಿಯಾಗಿ ತೋಡಿರಲಿಲ್ಲವೋ ಏನೋ, ಒಂದು ಬೆಳಿಗ್ಗೆ ನೋಡಿದರೆ ನಾಯಿ ಕೆದರಿಬಿಟ್ಟಿತ್ತು. ಸ್ವಲ್ಪ ದಿನಕ್ಕೆ ಕೂಸು ತೀರಿಕೊಂಡಿತು. ಜ್ವರ ಬಂದಿತ್ತು ಎಂದು ಅಪ್ಪ ಹೇಳುತ್ತಿದ್ದ. ಅವ್ವನ ತಲೆಯಲ್ಲಿ ಮಾತ್ರ ಆ ನಾಯಿಯೇ ಉಳಿದುಬಿಟ್ಟಿತು. ಬಚ್ಚಲ ಹಿಂದೆ ನಾಯಿ ಸುಳಿದರೆ ಸಾಕು, ಕೈಯಲ್ಲಿದ್ದದ್ದನ್ನು ಬೀಸಿ ಎಸೆಯುತ್ತಿದ್ದಳು.

ಆ ಹೆರಿಗೆಯಲ್ಲಿ ಅವ್ವನಿಗೆ ತುಂಬ ರಕ್ತ ಹೋಗಿತ್ತಂತೆ. ಅದಕ್ಕೇ ಈ ಸಲ ಊರಿನ ಸೂಲಗಿತ್ತಿಯೇ ಬಂದು, ನನ್ನ ಕೈಲಿ ಆಗದು, ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಹೇಳಿ ಹೋದಳು. ಆವತ್ತಿನಿಂದ ಮನೆಯಲ್ಲಿ ಒಂದೇ ಚರ್ಚೆ. ಆಸ್ಪತ್ರೆಯಲ್ಲಿ ಹೆತ್ತರೆ ಮಾಸಿನ ಗತಿ ಏನು? ಅಲ್ಲೇ ಅವರ ಪದ್ಧತಿಯಂತೆ ಹೂಳುತ್ತಾರೆ, ಬಿಟ್ಟುಬರೋಣ ಎಂದು ಅಪ್ಪ. ಎಲ್ಲರದ್ದನ್ನೂ ಒಂದೇ ಗುಂಡಿಗೆ ಹಾಕಿದರೆ ಯಾರದ್ದು ಯಾವುದೋ, ಹರಿಯುವ ನೀರಿಗೆ ಬಿಟ್ಟುಬಿಡಿ ಎಂದು ಅಜ್ಜಿ. ಬಳ್ಳಿಯದ್ದು ಚಿಂತೆಯಿರಲಿಲ್ಲ. ಕೂಸಿನ ಹೊಕ್ಕುಳಲ್ಲಿ ಒಣಗಿ ಬೀಳುವ ತುಂಡು ಕೂಸಿನ ಜೊತೆಗೇ ಮನೆಗೆ ಬರುತ್ತದೆ, ಬೆಳ್ಳಿ ತಾಯಿತದೊಳಗೆ ಹಾಕಿಸಿದರಾಯಿತು. ಮಾಸಿನ ಮಾತೇ ಬಗೆಹರಿಯದು. ಅಪ್ಪ ಆಸ್ಪತ್ರೆಯ ಬಗ್ಗೆ ಸಮಾಧಾನ ಹೇಳುವಷ್ಟು ಹೇಳಿದ. ಅಜ್ಜಿ ತನಗೆ ತಿಳಿದಷ್ಟು ಹೇಳಿದಳು. ಅವ್ವ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಹೇಳಿದಳು.

"ಆಸ್ಪತ್ರೆಗೆ ಬತ್ತೀನಿ. ಆದ್ರೆ ಮಾಸು ನಮ್ ಮಣ್ಣಿಗೇ ಬರ್ಬೇಕು. ಅದೊಂದು ಮಾತು ಕೊಡಿ ನಂಗೆ."

"ನನ್ ತೊಡೆ ಮೇಲೆ ಇಟ್ಕೊಂಡ್ ತತ್ತೀನಿ. ಸುಮ್ಕಿರು ನೀನು," ಎಂದ ಅಪ್ಪ.

ಅಜ್ಜಿ ಸಂತೆಯಿಂದ ಒಂದು ಪುಟ್ಟ ಹೊಸ ಮಡಕೆ ತರಿಸಿದಳು. ಅವ್ವ, ಅಪ್ಪ, ಅವ್ವನ ತಂಗಿ ಚಿಕ್ಕಮ್ಮ, ಎಲ್ಲರೂ ಮಡಿಕೇರಿಗೆ ಹೊರಟರು. ಬಿಟ್ಟುಹೋದರೆ ಅನ್ನ ಮುಟ್ಟುವುದಿಲ್ಲ ಎಂದು ಹಟ ಹಿಡಿದು ನಾನೂ ಹೊರಟೆ. ಪರಿಚಯದವರೊಬ್ಬರ ಮನೆಯಲ್ಲಿ ಉಳಿದುಕೊಂಡೆವು. ಹೆರಿಗೆ ಸುಸೂತ್ರವಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಫಿನಾಯಿಲ್ ವಾಸನೆಯ ಕೋಣೆಯಲ್ಲಿ ಅವ್ವ ಮಲಗಿದ್ದಳು. ಪಕ್ಕದಲ್ಲಿ ಬಟ್ಟೆಯೊಳಗೆ ಸುತ್ತಿದ ತಮ್ಮ. ಮುಖ ನೋಡಿದರೆ ಯಾರ ಮೇಲೋ ಸಿಟ್ಟು ಮಾಡಿಕೊಂಡ ಹಾಗೆ. ನರ್ಸಮ್ಮ ಒಳ್ಳೆಯವರು. ಅಪ್ಪ ತಲೆ ಕೆರೆದುಕೊಂಡು ನಿಂತಿದ್ದನ್ನು ನೋಡಿ, ಚಿಕ್ಕಮ್ಮನಿಂದ ವಿಷಯ ತಿಳಿದು, ಮಡಕೆ ತುಂಬಿಸಿ ಕೊಟ್ಟರು. ಚಿಕ್ಕಮ್ಮ ಬಾಳೆಲೆ ಮುಚ್ಚಿ, ಬಿಳಿ ಬಟ್ಟೆಯಲ್ಲಿ ಬಾಯಿ ಬಿಗಿದಳು. ಅಪ್ಪ ಅದನ್ನು ಎತ್ತಿಕೊಂಡಾಗ ಅವ್ವ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗ.

ಚಿಕ್ಕಮ್ಮ ಬಾಣಂತಿಯ ಹತ್ತಿರ ಉಳಿದಳು. ಅದೇ ದಿನ ಹೂಳಬೇಕಾದ್ದರಿಂದ ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದ. ಬಸ್ಸಿನ ಮಾಡಿನ ಮೇಲೆ ಕಿತ್ತಳೆ ಬುಟ್ಟಿಗಳನ್ನು, ಮೂಟೆಗಳನ್ನು ಪೇರಿಸಿದ್ದರು. ಒಳಗೆ ಪೆಟ್ರೋಲು, ಬೀಡಿ, ಕಿತ್ತಳೆ ಮೂರೂ ಸೇರಿ ಘಮ್ಮೆನ್ನುತ್ತಿತ್ತು. ಅಪ್ಪ ಹೇಳಿದ ಹಾಗೇ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಹೊಸ ಮಡಕೆ ಅಲ್ಲವಾ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಿನುಗತೊಡಗಿತು. ಅಪ್ಪನ ಬಿಳಿ ಪಂಚೆಯ ಮೇಲೆ ಕೆಂಪು ಮೂಡಿತು.

ಟಿಕೆಟ್ ಹರಿಯಲು ಬಂದ ಕಂಡಕ್ಟರು ಅದನ್ನು ನೋಡಿದ. ನಮ್ಮ ಸೀಮೆಯಲ್ಲಿ ಗಂಡಸೊಬ್ಬ ಎಲೆ ಮುಚ್ಚಿದ ಮಡಕೆ ಹಿಡಿದು, ಅದರಿಂದ ಕೆಂಪು ನೀರು ಸೋರಿದರೆ ಬೇಟೆಯ ಬಾಡು ಎಂದೇ ಎಲ್ಲರೂ ತಿಳಿಯುತ್ತಾರೆ.

"ಏನ್ ಗೌಡ್ರೆ, ಕಾಡುಹಂದಿನಾ? ನಮ್ ಪಾಲೆಲ್ಲಿ?" ಎಂದ.

ಬಸ್ಸಿಗೆ ಬಸ್ಸೇ ನಕ್ಕಿತು. ಒಬ್ಬರು ಕಾಲು ತಮಗಿರಲಿ ಎಂದರು, ಇನ್ನೊಬ್ಬರು ಸಾರಿಗೆ ಹುಳಿ ಜಾಸ್ತಿ ಹಾಕಿಸಿ ಎಂದರು. ಅಪ್ಪನ ಕಿವಿ ಕೆಂಪಾಯಿತು. ಆ ಕಾಲದಲ್ಲಿ ಗಂಡಸರು ನಾಲ್ಕು ಜನರ ಎದುರು ಹೆಂಡತಿ ಬಸುರಿ ಅನ್ನುವುದಕ್ಕೂ ನಾಚುತ್ತಿದ್ದರು. ಇನ್ನು ಮಾಸು ಅಂದಾನೆ? ಅಂದರೂ ಕಷ್ಟ. ಮುಂದಿನ ಸೀಟಿನಲ್ಲಿ ಒಬ್ಬರು ಪೂಜೆಯ ಸಾಮಾನು ಇಟ್ಟುಕೊಂಡು ಕೂತಿದ್ದರು. ಹೆರಿಗೆಯ ಮೈಲಿಗೆ ಎಂದು ತಿಳಿದರೆ ನಮ್ಮಿಬ್ಬರನ್ನೂ ನಡುದಾರಿಯಲ್ಲಿ ಇಳಿಸಿಯಾರು ಎಂಬ ಹೆದರಿಕೆ ಬೇರೆ. ಅತ್ತ ದರಿ, ಇತ್ತ ಪುಲಿ. ಅಪ್ಪ ಏನೂ ಹೇಳದೆ ಸುಮ್ಮನೆ ನಕ್ಕುಬಿಟ್ಟ.

ಪೂಜೆಯವರು ಮೂಗಿಗೆ ವಲ್ಲಿ ಹಿಡಿದುಕೊಂಡು, ಹಸಿ ಬಾಡನ್ನು ಒಳಗೆ ಇಡಬೇಡಿ ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಕಂಡಕ್ಟರು ಬಸ್ಸು ನಿಲ್ಲಿಸಿ, ಮೇಲೆ ಇಡ್ತೀನಿ ಕೊಡಿ ಎಂದು ಕೈ ಚಾಚಿದ. ಅಪ್ಪ ಮಡಕೆಯನ್ನು ಬಿಗಿಯಾಗಿ ಹಿಡಿದ. ಬಾಯಿ ತೆರೆದ. ನಾನು ಅವನ ಅಂಗಿ ಜಗ್ಗಿ, ಹೇಳಪ್ಪ ಎಂದು ಪಿಸುಗುಟ್ಟಿದೆ. ಅವನು ನನ್ನ ಕೈ ಒತ್ತಿ ಸುಮ್ಮನಾಗಿಸಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಕಂಡಕ್ಟರು ಏಣಿ ಹತ್ತಿ ಮಡಕೆಯನ್ನು ಎರಡು ಕಿತ್ತಳೆ ಬುಟ್ಟಿಗಳ ನಡುವೆ ಸಿಕ್ಕಿಸಿ ಬಂದ. ಬಸ್ಸು ಹೊರಟಿತು.

ಮಾದಾಪುರದ ಕಡೆ ಇಳಿಯುವ ಆ ದಾರಿಯ ತಿರುವುಗಳು ಹೇಗೆ ಎಂದು ನಿಮಗೇ ಗೊತ್ತು, ಕಾರಿನಲ್ಲಿ ಹೋದರೂ ವಾಂತಿ ಮಾಡುತ್ತೀರಿ. ಆಗ ರಸ್ತೆಯೂ ಕಲ್ಲು ಮಣ್ಣಿನದು. ಒಂದೊಂದು ತಿರುವಿಗೂ ಅಪ್ಪ ಕತ್ತೆತ್ತಿ ಮಾಡು ನೋಡುತ್ತಿದ್ದ. ಮಾದಾಪುರದಲ್ಲಿ ಎಲ್ಲರೂ ಕಾಫಿಗೆ ಇಳಿದಾಗ ಅವನು ಓಡಿಹೋಗಿ ಏಣಿ ಹತ್ತಿದ. ಬುಟ್ಟಿಗಳು ಓರೆಯಾಗಿದ್ದವು. ಮಡಕೆ ಇರಲಿಲ್ಲ.

ಕೆಳಗಿಳಿದು ಬಂದ ಅಪ್ಪ, ಬಸ್ಸನ್ನು ಸ್ವಲ್ಪ ಹಿಂದಕ್ಕೆ ತಿರುಗಿಸುತ್ತೀರಾ ಎಂದು ಕೇಳಿದ. ಕಂಡಕ್ಟರಿಗೂ ಪಾಪ ಅನ್ನಿಸಿತು.

"ಒಂದ್ ಮಡಕೆ ಹಂದಿ ಬಾಡ್ಗೋಸ್ಕರ ಬಸ್ ತಿರುಗ್ಸಾಕಾಯ್ತದಾ ಗೌಡ್ರೆ? ಬೇಜಾರ್ ಮಾಡ್ಕಬ್ಯಾಡಿ, ನಾನೇ ಕೊಡುಸ್ತೀನಿ ಬುಡಿ," ಎಂದು ಅಪ್ಪನ ಬೆನ್ನು ತಟ್ಟಿದ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸು ಸೋಮವಾರಪೇಟೆಯ ಕಡೆ ಹೋಯಿತು, ನಾವಿಬ್ಬರೂ ಬಂದ ದಾರಿಯಲ್ಲೇ ವಾಪಸು ನಡೆದೆವು. ಅಪ್ಪ ರಸ್ತೆಯ ಎರಡೂ ಬದಿಯ ಪೊದೆಯೊಳಗೆ ಕೈ ಹಾಕಿ ನೋಡುತ್ತಿದ್ದ. ನನ್ನ ಕಾಲು ನೋಯುತ್ತಿತ್ತು, ಅಳು ಬರುತ್ತಿತ್ತು. ಆದರೆ ಅಪ್ಪನ ಮುಖ ನೋಡಿ ಅಳಲು ಧೈರ್ಯ ಬರಲಿಲ್ಲ. ಒಂದು ತಿರುವಿನ ಅಂಚಿನಲ್ಲಿ ಮಡಕೆಯ ಚೂರುಗಳು ಕಂಡವು. ಬಾಳೆಲೆ ಹರಿದಿತ್ತು. ಬಿಳಿ ಬಟ್ಟೆ ಮಣ್ಣಿನಲ್ಲಿ ಎಳೆದಾಡಿದ ಹಾಗೆ ಬಿದ್ದಿತ್ತು. ಎಸ್ಟೇಟಿನ ಕೂಲಿಯವರ ಲೈನು ಮನೆಗಳ ಎರಡು ನಾಯಿಗಳು ಅಲ್ಲೇ ಬಿಸಿಲು ಕಾಯಿಸುತ್ತಾ ಮಲಗಿದ್ದವು. ಬೇರೆ ಏನೂ ಉಳಿದಿರಲಿಲ್ಲ.

ಅಪ್ಪ ರಸ್ತೆಯ ಮೇಲೆಯೇ ಕೂತುಬಿಟ್ಟ. ನಾಯಿಗಳಿಗೆ ಕಲ್ಲು ಕೂಡ ಎಸೆಯಲಿಲ್ಲ. ಆಮೇಲೆ ಮಣ್ಣು ಒದ್ದೆಯಾಗಿದ್ದ ಜಾಗವನ್ನು ಎರಡು ಕೈಯಲ್ಲೂ ಕೆರೆದು, ಆ ಕೆಂಪು ಮಣ್ಣನ್ನು ಹರಿದ ಎಲೆಯಲ್ಲಿ ತುಂಬಿ, ಬಟ್ಟೆಯಲ್ಲಿ ಗಂಟು ಕಟ್ಟಿದ. ಕಿತ್ತಳೆ ಲಾರಿಯೊಂದು ಸಿಕ್ಕಿತು. ಅದನ್ನು ಹತ್ತಿ ಊರಿಗೆ ಬಂದೆವು. ಮನೆ ಹತ್ತಿರ ಬಂದಾಗ ಅಪ್ಪ, ಅವ್ವನಿಗೆ ಹೇಳಬೇಡ, ಅವಳು ಬದುಕುವುದಿಲ್ಲ ಎಂದ. ನಾನು ತಲೆಯಾಡಿಸಿದೆ.

ಅಜ್ಜಿ ಗುಂಡಿ ತೋಡಿಸಿ, ದೀಪ ಹಚ್ಚಿಕೊಂಡು ಕಾಯುತ್ತಿದ್ದಳು. ಮಡಕೆ ಎಲ್ಲಿ ಎಂದಳು. ದಾರಿಯಲ್ಲಿ ಒಡೆಯಿತು, ಗಂಟು ಕಟ್ಟಿ ತಂದೆ ಎಂದ ಅಪ್ಪ. ಅಜ್ಜಿ ಗಂಟನ್ನು ಬಿಚ್ಚಿ ನೋಡಲಿಲ್ಲ. ಅರಿಸಿನ ಕುಂಕುಮ ಹಾಕಿ ಕೈ ಮುಗಿದಳು. ಮಾದಾಪುರದ ಮಣ್ಣನ್ನು ಅಪ್ಪ ನಮ್ಮ ಮಣ್ಣಿಗೆ ಹಾಕಿ ಮುಚ್ಚಿದ, ಚಪ್ಪಡಿ ಎಳೆದ.

ತಮ್ಮನಿಗೆ ಏನೂ ಆಗಲಿಲ್ಲ. ಗುಂಡುಕಲ್ಲಿನ ಹಾಗೆ ಬೆಳೆದ. ಅವ್ವನ ಹಾಲೂ ಬತ್ತಲಿಲ್ಲ. ಆ ಲೆಕ್ಕದಲ್ಲಿ ನೋಡಿದರೆ ಹೋದದ್ದೇನೂ ಇಲ್ಲ. ಆದರೆ ಅಪ್ಪನಿಗೆ ಮಾತ್ರ ನೆಮ್ಮದಿ ಹೋಯಿತು. ಬಾಣಂತಿ ಅವ್ವ ದಿನವೂ ಆ ಚಪ್ಪಡಿಯ ಮೇಲೆ ಬಿಸಿನೀರು ಹರಿಯಿತೇ ಎಂದು ಬಗ್ಗಿ ನೋಡುವಳು. ಮನೆಗೆ ಬಂದ ಹೆಂಗಸರಿಗೆಲ್ಲ, ಯಾವ ಗಂಡಸು ಮಾಸಿನ ಮಡಕೆ ತೊಡೆಯ ಮೇಲಿಟ್ಟುಕೊಂಡು ಮಡಿಕೇರಿಯಿಂದ ಬರುತ್ತಾನೆ ಹೇಳಿ, ನಮ್ಮನೆಯವರು ಬಂದರು ಎಂದು ಹೊಗಳುವಳು. ಅದು ಕಿವಿಗೆ ಬಿದ್ದರೆ ಅಪ್ಪ ದನ ಬಿಚ್ಚುವ ನೆಪ ಮಾಡಿಕೊಂಡು ಎದ್ದುಹೋಗುತ್ತಿದ್ದ. ನಮ್ಮ ಗಂಡಸರಿಗೆ ಹೊಗಳಿಕೆ ತಡೆಯದು ನೋಡಿ ಎಂದು ಅವ್ವ ಇನ್ನೂ ನಗುತ್ತಿದ್ದಳು.

ಮುಂದೊಂದು ಸಂತೆಯ ದಿನ ನಾನೂ ಅಪ್ಪನೂ ಶನಿವಾರಸಂತೆಯಲ್ಲಿ ಬಟ್ಟೆಯ ಅಂಗಡಿಯ ಮುಂದೆ ನಿಂತಿದ್ದೆವು. ಆ ಕಂಡಕ್ಟರು ಎಲ್ಲಿಂದಲೋ ಓಡಿಬಂದು ಅಪ್ಪನ ಕೈಗೆ ಒಂದು ಎಲೆಯ ಪೊಟ್ಟಣ ಇಟ್ಟ. ಹಂದಿ ಬಾಡು. ಅವತ್ತು ನಿಮ್ಮದು ನನ್ನ ಕೈಯಿಂದ ಹೋಯಿತು, ಮನಸ್ಸಿಗೆ ಸಮಾಧಾನ ಇರಲಿಲ್ಲ, ಮೂರು ಸಂತೆಯಿಂದ ನಿಮ್ಮನ್ನು ಹುಡುಕುತ್ತಿದ್ದೇನೆ ಎಂದ. ತನಗೂ ಮನೆಯಲ್ಲಿ ಹಸುಗೂಸು ಇದೆ ಎಂದು ಹೇಳಿ, ನನ್ನ ಕೆನ್ನೆ ಹಿಂಡಿ ಹೋದ. ಅಪ್ಪ ದಾರಿಯಲ್ಲಿ ಸಿಕ್ಕಿದವರೊಬ್ಬರಿಗೆ ಆ ಪೊಟ್ಟಣ ಕೊಟ್ಟುಬಿಟ್ಟ. ಸ್ವಲ್ಪ ದೂರ ನಡೆದ ಮೇಲೆ ನಿಂತು,

"ಹೇಳಿದ್ರೆ ತಿರುಗುಸ್ತಿದ್ದ ಕಣವ್ವ ಅವ್ನು," ಎಂದ.

ಅವನ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಹೇಳುತ್ತಾರಲ್ಲ. ಆಡದಿದ್ದರೂ ಹೋಗುತ್ತದೆ ಎಂದು ನಮ್ಮಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವನಿಗೆ ಹೇಳಿಬಿಡಬೇಕೆಂದು ಅವನು ಎಷ್ಟೋ ಸಲ ಹೊರಟ. ತಮ್ಮ ನಡೆಯಲಿ ಎಂದ, ಶಾಲೆಗೆ ಸೇರಲಿ ಎಂದ, ಮದುವೆಯಾಗಲಿ ಎಂದ. ಅಷ್ಟರಲ್ಲಿ ಅವ್ವನೇ ಹೋದಳು, ಗಂಡ ಮಾತಿಗೆ ತಪ್ಪದವನು ಎಂದು ನಂಬಿಕೊಂಡೇ. ಆಮೇಲೆ ಅಪ್ಪ ಬಚ್ಚಲ ಹಿಂದಕ್ಕೆ ಕಾಲಿಡಲಿಲ್ಲ.

ಈಗ ನಿಮ್ಮ ಮನೆಗೂ ಒಂದು ಕೂಸು ಬರಲಿದೆ ಮಕ್ಕಳೇ. ಮೊನ್ನೆ ಊಟಕ್ಕೆ ಕೂತಾಗ ನಿಮ್ಮ ಅಪ್ಪ ಅಮ್ಮ ಅದೇ ಮಾತಾಡುತ್ತಿದ್ದರು. ಹೊಕ್ಕುಳಬಳ್ಳಿಯ ರಕ್ತವನ್ನು ಮುಂದಿನ ಕಾಯಿಲೆಗೆಂದು ಕಾದಿಡುವ ಬ್ಯಾಂಕಿನಲ್ಲಿ ಇಡಿಸಬೇಕೇ ಬೇಡವೇ, ಬಳ್ಳಿಯನ್ನು ಕೊಂಚ ತಡೆದು ಕತ್ತರಿಸಿ ಎಂದು ಡಾಕ್ಟರಿಗೆ ಹೇಳಬಹುದೇ, ಮಾಸನ್ನು ಆಸ್ಪತ್ರೆಯವರಿಗೇ ಬಿಡುವುದೇ. ಯಾವುದು ಸರಿಯೋ ನನಗೆ ತಿಳಿಯದು, ಡಾಕ್ಟರಿಗೆ ಗೊತ್ತು. ಅಷ್ಟರಲ್ಲಿ ನಿಮ್ಮಲ್ಲಿ ಸಣ್ಣವಳು, ಮಾಸು ಅಂದರೆ ಏನಪ್ಪ ಎಂದು ಎಲ್ಲರೆದುರು ಕೇಳಿದಳು. ನಿಮ್ಮಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ. ನೀನು ಅಮ್ಮನ ಹೊಟ್ಟೆಯಲ್ಲಿದ್ದಾಗ ನಿನಗೆ ಊಟ ಕೊಡುತ್ತಿದ್ದದ್ದು ಅದೇ ಮಗಳೇ ಎಂದು ಹೇಳಿ, ಮಜ್ಜಿಗೆ ಬಡಿಸು ಎಂದ. ಅವಳೂ ಸರಿ ಎಂದು ಮಜ್ಜಿಗೆ ಬಡಿಸಿದಳು. ಯಾರೂ ನಗಲಿಲ್ಲ, ಯಾರ ಕಿವಿಯೂ ಕೆಂಪಾಗಲಿಲ್ಲ.

ಅಜ್ಜೀ, ನೀವು ಯಾಕೆ ಅರ್ಧ ಊಟಕ್ಕೆ ಎದ್ದು ಹೋದಿರಿ ಎಂದು ಆಮೇಲೆ ನನ್ನನ್ನು ಕೇಳಿದಿರಲ್ಲ, ಇದಕ್ಕೇ. ನನ್ನ ಅಪ್ಪನಿಗೆ ಹೆಂಡತಿಯ ಮೇಲೆ ನಿಮ್ಮಪ್ಪನಿಗಿಂತ ಪ್ರೀತಿ ಕಡಿಮೆ ಇತ್ತು ಎಂದು ಮಾತ್ರ ತಿಳಿಯಬೇಡಿ ಮಕ್ಕಳೇ. ಇಷ್ಟು ಸಣ್ಣ ಮಾತು, ಅವನಿಗೆ ಆ ಒಂದು ಗಳಿಗೆ ಬಾಯಿಗೆ ಬಂದಿದ್ದರೆ ಸಾಕಿತ್ತು.