ಓನರಮ್ಮನ ಪಾಲು

ಬಲಗೈ ಹೆಬ್ಬೆರಳಿನ ಉಗುರು. ದಪ್ಪಗೆ, ನಡುವೆ ಉದ್ದಕ್ಕೆ ಸೀಳಿಕೊಂಡು, ವರ್ಷವಿಡೀ ಕಪ್ಪಗೆ. ಅವರೆಕಾಯಿ ಸುಲಿದು ಸುಲಿದು ಅದರ ಸೊನೆ ಒಳಗಿಳಿದುಬಿಟ್ಟಿತ್ತು. ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಓನರಮ್ಮ ಜನರನ್ನು ತೋರಿಸುತ್ತಿದ್ದದ್ದು ತೋರುಬೆರಳಿನಿಂದಲ್ಲ, ಆ ಹೆಬ್ಬೆರಳಿನಿಂದ. ಭುಜದ ಮೇಲಿಂದ ಹಿಂದಕ್ಕೆ, ಕಸ ಎಸೆಯುವ ಹಾಗೆ. ಬಲಗೈ ಎಂದು ಬರೆದಿದ್ದೇನೆ. ಎಡಗೈ ಇದ್ದರೂ ಇರಬಹುದು. ಆಕೆಯ ಮನೆಯ ಮಹಡಿಯಲ್ಲಿ ಇಷ್ಟು ವರ್ಷ ಬಾಡಿಗೆಗಿದ್ದೂ ನನಗೆ ಅದು ಖಚಿತವಿಲ್ಲ.

ಸತ್ತವರ ಬಗ್ಗೆ ಬರೆಯುವವರಿಗೆ ಒಂದು ಸುಲಭದ ದಾರಿಯಿದೆ. ಮಾತು ಒರಟು, ಮನಸ್ಸು ಬೆಣ್ಣೆ ಎಂದು ಬರೆದುಬಿಡುವುದು. ಓನರಮ್ಮನ ಮಾತು ಒರಟಾಗಿತ್ತು. ಮನಸ್ಸೂ ಹಾಗೇ ಇತ್ತು.

ಬಂಗಾರಪೇಟೆಯಲ್ಲಿ, ರೈಲಿನ ಸದ್ದು ಕೇಳಿ ಹೊರಟರೂ ರೈಲು ಸಿಗುವಷ್ಟು ಸ್ಟೇಷನ್ನಿಗೆ ಹತ್ತಿರದ ಮನೆ. ಕೆಳಗೆ ಆಕೆ, ಮಗ, ಸೊಸೆ. ಹಿತ್ತಲಲ್ಲಿ ಎರಡು ಸೀಮೆಹಸು. ಮೇಲೆ ನಾನು. ಬಾಗಿಲು ತಟ್ಟುವ ಅಭ್ಯಾಸ ಆಕೆಗಿರಲಿಲ್ಲ. ಹಾಲು ಕೊಡುವ ನೆಪದಲ್ಲಿ ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಏನೂ ಅನ್ನದೆ ಇಳಿದು ಹೋಗುತ್ತಿದ್ದಳು. ಬೈದಿದ್ದರೆ ನಾನೂ ಬೈಯಬಹುದಿತ್ತು.

ಸಂಜೆ ಗೇಟಿನ ಬಳಿ ನಿಂತು ಬೀದಿಯ ಒಗ್ಗರಣೆಗಳನ್ನೆಲ್ಲ ಮೂಸಿ ತೀರ್ಪು ಕೊಡುವುದು ಆಕೆಯ ಕೆಲಸ. ಎದುರುಮನೆಯವರು ನೆಂಟರು ಬಂದರೆ ಪಾಯಸ ಮಾಡುವುದು ಅವರು ಬೇಗ ತೊಲಗಲಿ ಎಂದು. ಮೂಲೆಮನೆಯವರು ಗೆಳೆಯರಿಗೆ ಬಿರಿಯಾನಿ ತರಿಸುವುದು, ಆ ಗಂಡ ಹೆಂಡತಿ ಒಂದೇ ಅಡಿಗೆಮನೆಯಲ್ಲಿ ನಿಲ್ಲಲಾರರೆಂದು. ಅದರ ಪಕ್ಕದವರು ಬಗೆಬಗೆಯ ಪಲ್ಯ ಮಾಡಿ ಫೋಟೋ ತೆಗೆಯುವುದು, ಯಾವುದಕ್ಕೂ ಉಪ್ಪು ಸರಿಯಾಗಿರುವುದಿಲ್ಲವೆಂದು. ಇಷ್ಟೆಲ್ಲ ಬಲ್ಲ ಈಕೆಯ ಮನೆಗೆ ಊಟಕ್ಕೆಂದು ಒಬ್ಬರಾದರೂ ಬಂದದ್ದನ್ನು ನಾನು ನೋಡಲಿಲ್ಲ. ಯಾರನ್ನೂ ಕರೆಯದವರಿಗೆ ಅತಿಥಿಸತ್ಕಾರದ ಬಗ್ಗೆ ಇಂಥ ತಿಳಿವಳಿಕೆ ಸಲೀಸಾಗಿ ಬರುತ್ತದೆ.

ಹೇಳಬೇಕಾದದ್ದು ಒಂದು ಭಾನುವಾರದ ಕತೆ. ಅದನ್ನು ಈಗ ಎಲ್ಲರೂ ತಪ್ಪಾಗಿ ಹೇಳುತ್ತಿದ್ದಾರೆ.

ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನ ಹೆಂಗಸರ ಬೋಗಿಯಲ್ಲಿ ನಾವು ಮೂವರು ಗೆಳತಿಯರು. ಊರಿಗಾಂನವಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ರೈಲು ಮಾರಿಕುಪ್ಪಂನಿಂದ ಹೊರಡುವುದರಿಂದ ಆಕೆ ನಮಗಿಂತ ಮೊದಲೇ ಹತ್ತಿ, ಪಕ್ಕದ ಎರಡು ಸೀಟುಗಳ ಮೇಲೆ ತನ್ನ ವೇಲು ಹಾಸಿ ಹಿಡಿದಿರುತ್ತಿದ್ದಳು. ಬೇತಮಂಗಲದವಳಿಗೆ ಒಂದು ಆಸ್ಪತ್ರೆಯಲ್ಲಿ ಕೆಲಸ. ಬಸ್ಸಿನಲ್ಲಿ ಬಂದು ನನ್ನ ಜೊತೆ ಬಂಗಾರಪೇಟೆಯಲ್ಲಿ ಹತ್ತುತ್ತಿದ್ದಳು. ಬೇತಮಂಗಲದವಳ ಮಗಳಿಗೆ ಒಂದು ಸಂಬಂಧ ಕೂಡಿ ಬಂದಿತ್ತು. ಗಂಡಿನ ಕಡೆಯವರು ಊರಿಗಾಂನವಳಿಗೆ ಪರಿಚಯದವರು. ಹುಡುಗಿ ಹೇಗೆ ಎಂದು ಕೇಳಿದ್ದಕ್ಕೆ ಇವಳು, ಒಳ್ಳೆಯ ಹುಡುಗಿ, ಕೋಪ ಜಾಸ್ತಿ ಎಂದಳು. ಸಂಬಂಧ ಮುರಿಯಿತು. ಮಾರನೆಯ ವಾರದಿಂದ ವೇಲು ಒಂದೇ ಸೀಟಿನ ಮೇಲಿತ್ತು. ನಾನು ಅಲ್ಲಿ ಕೂರಬೇಕೋ, ಬಾಗಿಲ ಬಳಿ ನಿಂತ ಇನ್ನೊಬ್ಬಳ ಜೊತೆ ನಿಲ್ಲಬೇಕೋ? ಟೇಕಲ್ ಸ್ಟೇಷನ್ ತನಕ ಕೂತು, ಆಮೇಲೆ ಎದ್ದು ನಿಲ್ಲುತ್ತಿದ್ದೆ. ಈ ಸರ್ಕಸ್ಸು ಚಳಿಗಾಲದವರೆಗೂ ನಡೆಯಿತು. ಇಬ್ಬರನ್ನೂ ಕಳೆದುಕೊಳ್ಳುವ ಹಾದಿಯಲ್ಲಿದ್ದೆ.

ಹಾಗಾಗಿ ಊಟಕ್ಕೆ ಕರೆದೆ. ಒಬ್ಬಳಿಗೆ ಇನ್ನೊಬ್ಬಳು ಬರುತ್ತಾಳೆಂದು ಹೇಳಿಯೇ ಕರೆದೆ. ಇಬ್ಬರೂ ನನಗಾಗಿ ಬರುತ್ತೇವೆಂದರು. ಏನು ಅಡಿಗೆ ಮಾಡುವುದೆಂದು ಒಂದು ವಾರ ತಲೆ ಕೆಡಿಸಿಕೊಂಡೆ. ಅಡಿಗೆಯಿಂದ ಜಗಳ ಬಗೆಹರಿಯುತ್ತದೆಂದು ನಂಬುವಷ್ಟು ದಡ್ಡತನ ಆಗ ನನ್ನಲ್ಲಿತ್ತು. ಮೊಬೈಲು ನೋಡಿ ಗೋಬಿ ಮಂಚೂರಿ, ಪನೀರ್ ಮಸಾಲೆ, ಜೀರಾ ರೈಸು, ಕಸ್ಟರ್ಡು ಎಂದು ತೀರ್ಮಾನಿಸಿದೆ.

ಶನಿವಾರ ಸಂಜೆ ಪೇಟೆಗೆ ಹೊರಟಾಗ ಓನರಮ್ಮ ಗೇಟಿನಲ್ಲಿ ಅಡ್ಡ ನಿಂತಿದ್ದಳು. ಯಾರು ಬರುತ್ತಾರೆ, ಯಾಕೆ ಬರುತ್ತಾರೆ, ಜಗಳವೇನು, ಎಲ್ಲವನ್ನೂ ಬಾಯಿ ಬಿಡಿಸಿದಳು.

"ಬರೋರ್ನ ಏನ್ ಮಾಡ್ಲಿ ಅಂತ ಕೇಳ್ದಾ?"

ಕೇಳಿದ್ದೆ, ಏನಾದರೂ ಮಾಡು ಅಂದರು ಎಂದೆ.

"ಏನಾದ್ರೂ ಅನ್ನೋ ಅಡಿಗೆ ನಮ್ಮೂರ್ ಕಡೆ ಯಾರೂ ಮಾಡಲ್ಲ ಕಣಮ್ಮಿ."

ನಾನು ತೀರ್ಮಾನಿಸಿದ್ದನ್ನು ಹೇಳಿದೆ. ಹೆಬ್ಬೆರಳು ಭುಜದ ಮೇಲಿಂದ ಹಿಂದಕ್ಕೆ ಹೋಯಿತು. "ಅದೆಲ್ಲಾ ಓಟ್ಲು ಬೋರ್ಡಿನ್ ಅಡಿಗೆ. ತಿನ್ಕಂಡು ಒಬ್ಳು ಈ ಗೋಡೆ ನೋಡ್ತಾಳೆ, ಒಬ್ಳು ಆ ಗೋಡೆ ನೋಡ್ತಾಳೆ. ಮಾತು ಬಿಟ್ಟೋರ್ಗೆ ಕೈಗೆ ಕೆಲ್ಸ ಕೊಡ್ಬೇಕು."

ಈ ಕೊನೆಯ ಮಾತನ್ನು ಆಕೆ ನಿಜಕ್ಕೂ ಆಡಿದಳೋ, ಆಮೇಲೆ ನಾವೇ ಆಕೆಯ ಬಾಯಿಗೆ ಇಟ್ಟೆವೋ, ನನಗೆ ಅನುಮಾನವಿದೆ. ಅನುಮಾನವಿಲ್ಲದ್ದು ಇಷ್ಟು. ನಾನು ವಾಪಸು ಬರುವಷ್ಟರಲ್ಲಿ ನನ್ನ ಬಾಗಿಲ ಮುಂದೆ ಅರ್ಧ ಮೂಟೆ ಅವರೆಕಾಯಿ ಇತ್ತು. ಅವರ ಹೊಲದ್ದೇ. ಇಬ್ಬನಿ ಕುಡಿದ ಕಾಯಿ, ಮೆಟ್ಟಿಲೆಲ್ಲ ಸೊಗಡು. ಹಿದುಕಿದ ಬೇಳೆ ಸಾರು, ಮುದ್ದೆ, ಅಷ್ಟೇ ಮಾಡು ಎಂದು ಕೆಳಗಿನಿಂದಲೇ ಕೂಗಿದಳು. ಆಕೆ ನನಗೆ ಕೊಟ್ಟ ಮೊದಲ ಉಡುಗೊರೆ ಎಂದುಕೊಂಡೆ. ಸೊಸೆ ತವರಿಗೆ ಹೋಗಿದ್ದಾಳೆ, ಕೆಳಗೆ ಬೇಳೆ ಹಿದುಕುವ ಕೈಗಳಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಆ ಸಾರು ಒಬ್ಬರ ಕೈಲಾಗುವ ಕೆಲಸವಲ್ಲ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳ ನಡುವೆ ಹಿದುಕಿ ಸಿಪ್ಪೆಯಿಂದ ಬೇಳೆ ಹಾರಿಸಬೇಕು. ಭಾನುವಾರ ಮಧ್ಯಾಹ್ನ ಗೆಳತಿಯರು ಬಂದಾಗ ಓನರಮ್ಮ ಆಗಲೇ ನನ್ನ ಹೊಸ್ತಿಲ ಮೇಲೆ ಕೂತಿದ್ದಳು. ರಾತ್ರಿ ನಾನು ಸುಲಿದು ನೆನೆಹಾಕಿದ್ದ ಕಾಳಿನ ಬೇಸಿನ್ನನ್ನು ಇಬ್ಬರ ನಡುವೆ ತಳ್ಳಿದಳು. ತಾನು ಒಂದು ಕಾಳನ್ನೂ ಮುಟ್ಟಲಿಲ್ಲ. ಬಾಗಿಲಿಗೆ ಅಡ್ಡ ಕೂತದ್ದಷ್ಟೇ.

ಇಬ್ಬರೂ ತಲೆ ತಗ್ಗಿಸಿ ಹಿದುಕತೊಡಗಿದರು. ಆಮೇಲೆ ಊರಿಗಾಂನವಳ ಬೆರಳಿನಿಂದ ಒಂದು ಬೇಳೆ ಚಿಮ್ಮಿ ಬೇತಮಂಗಲದವಳ ಕೆನ್ನೆಗೆ ಬಡಿಯಿತು. ಬೇಕೆಂದೇ ಹೊಡೆದೆ ಎಂದು ಊರಿಗಾಂನವಳು ಈಗ ಹೇಳುತ್ತಾಳೆ. ಜಾರಿತು ಎಂದು ಆಗ ಹೇಳಿದ್ದಳು.

"ಕಣ್ಣಿಗ್ ಬಿದ್ದಿದ್ರೆ?"

"ಬಿದ್ದಿಲ್ವಲ್ಲ, ಪೋಡೀ."

ತಿಂಗಳುಗಟ್ಟಲೆಯ ಮೌನ ಅಲ್ಲಿಗೆ ಒಡೆಯಿತು. ನನ್ನ ಮಗಳಿಗೆ ಕೋಪ ಅಂತ ಅವರಿಗೆ ಯಾಕೆ ಹೇಳಿದೆ ಎಂದು ಅವಳು. ಕೇಳಿದರು, ಹೇಳಿದೆ, ಕೋಪ ಇಲ್ಲವಾ ಎಂದು ಇವಳು. ಇದೆ, ಅದನ್ನು ನೀನು ಹೇಳಬೇಕಿತ್ತಾ ಎಂದು ಅವಳು. ದನಿ ಏರಿತು. ನಾನು ನಡುವೆ ಬಾಯಿ ಹಾಕಲು ಹೋದರೆ ಓನರಮ್ಮ ತಡೆದಳು.

"ಕಿತ್ತಾಡ್ಕಳ್ಳಿ ಬಿಡು. ಕೋಪ ಬಂದ್ರೆ ಕೈ ಚುರುಕಾಯ್ತದೆ. ಅಳಕ್ ಮಾತ್ರ ಕೂತ್ಕಬೇಡ್ರಮ್ಮ, ಬೇಳೆ ಆಗಲ್ಲ."

ನಿಜವಾಗಿಯೂ ಕೈಗಳು ಚುರುಕಾಗಿದ್ದವು. ಪಾತ್ರೆ ಆಗಲೇ ತುಂಬುತ್ತಾ ಬಂದಿತ್ತು. ನಾನು ನೀರು ತರಲು ಒಳಗೆ ಹೋಗಿ ಬಂದರೆ ಓನರಮ್ಮ ಹೊಸ್ತಿಲಲ್ಲಿರಲಿಲ್ಲ, ಪಾತ್ರೆಯಲ್ಲಿ ಅರ್ಧದಷ್ಟೇ ಬೇಳೆ ಇತ್ತು. ಜಗಳದ ಭರದಲ್ಲಿ ಇಬ್ಬರಿಗೂ ಅದರ ಪರಿವೆಯಿರಲಿಲ್ಲ. ಮೆಟ್ಟಿಲಿಗೆ ಬಂದೆ. ಆಕೆ ದೊಡ್ಡ ಸ್ಟೀಲು ಡಬ್ಬಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಕಾಯಿ ಆಕೆಯದೇ. ಕೇಳಿದ್ದರೆ ಮುಕ್ಕಾಲು ಪಾಲು ಕೊಡುತ್ತಿದ್ದೆ. ಸೆರಗು ಮುಚ್ಚಿಕೊಂಡದ್ದರಿಂದ ಅದು ಕಳ್ಳತನ.

ಅಷ್ಟರಲ್ಲಿ ಮೇಲೆ ನಡೆದದ್ದನ್ನು ನಾನು ನೋಡಲಿಲ್ಲ. ನಾನು ನೋಡಿದ್ದು ಕಳ್ಳತನವನ್ನು. ತಿರುಗಿ ಬಂದಾಗ ಬೇತಮಂಗಲದವಳು, ಬೆರಳೆಲ್ಲ ಅಂಟಾಗಿದ್ದರಿಂದ, ಮಣಿಕಟ್ಟಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಊರಿಗಾಂನವಳು ಆಡಿದ ಮಾತನ್ನು ಬೇತಮಂಗಲದವಳೇ ಆಮೇಲೆ ನನಗೆ ಹೇಳಿದಳು: "ಮದ್ವೆ ಆದ್ಮೇಲೆ ಗೊತ್ತಾಗಿ ಅವ್ನು ಕೈ ಎತ್ತೋದ್ಕಿಂತ, ಈಗ್ಲೇ ಗೊತ್ತಾಗ್ಲಿ ಅಂತ ಏಳ್ದೆ. ನನ್ ಮಗ್ಳಾಗಿದ್ರೂ ಅಂಗೇ ಏಳ್ತಿದ್ದೆ." ಊರಿಗಾಂನವಳನ್ನು ಕೇಳಿದರೆ, ಅಷ್ಟೊಂದು ಚೆನ್ನಾಗಿ ನಾನು ಮಾತಾಡಿರಲಾರೆ ಅನ್ನುತ್ತಾಳೆ.

ಆ ಸಂಜೆ ನಮ್ಮ ಸಾರು ನೀರಾಗಿತ್ತು. ಅರ್ಧ ಬೇಳೆಗೆ ಪೂರ್ತಿ ಮಸಾಲೆ ಬಿದ್ದು ಖಾರ ಬೇರೆ. ಕೆಳಗಿನಿಂದ ತೆಂಗಿನಕಾಯಿ, ಗಸಗಸೆ ಹಾಕಿ ಕುದಿಸಿದ ಗಟ್ಟಿ ಸಾರಿನ ವಾಸನೆ ಕಿಟಕಿಯಲ್ಲಿ ಬರುತ್ತಿತ್ತು. ಮೂವರೂ ಆ ವಾಸನೆಗೆ ಮುದ್ದೆ ನುಂಗಿದೆವು. ಮಾರನೆಯ ಬೆಳಿಗ್ಗೆಯೇ ವೇಲು ಎರಡು ಸೀಟಿಗೆ ಹಾಸಿತ್ತು ಎಂದು ಬರೆದರೆ ಚೆನ್ನ. ಹಾಗಾಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಯಾವುದೋ ಒಂದು ದಿನ ಹಾಸಿತ್ತು. ಯಾವ ದಿನ ಎಂಬುದನ್ನು ನಾನು ಗಮನಿಸಲೂ ಇಲ್ಲ.

ಓನರಮ್ಮ ಹೋದದ್ದು ಈ ಬೇಸಿಗೆಯಲ್ಲಿ, ಹಸುವಿಗೆ ನೀರಿಡುವಾಗ ಕುಸಿದು. ಜಗಲಿಯಲ್ಲಿ ಮಲಗಿಸಿ ಕೈಯ ಎರಡೂ ಹೆಬ್ಬೆರಳುಗಳನ್ನು ಸೇರಿಸಿ ದಾರದಿಂದ ಕಟ್ಟಿದ್ದರು. ಬಗ್ಗಿ ನೋಡಿದೆ. ಎರಡರ ಉಗುರೂ ಕಪ್ಪಾಗಿದ್ದವು, ಎರಡೂ ಸೀಳಿದ್ದವು.

ಆಮೇಲೆ ಶುರುವಾಯಿತು. ಪಾಯಸದ ಎದುರುಮನೆಯವರು ಆಕೆಯನ್ನು ಅನ್ನಪೂರ್ಣೆ ಎಂದರು. ಬಿರಿಯಾನಿಯ ಮೂಲೆಮನೆಯವರು ತಲೆಯಾಡಿಸಿದರು. ತಿಥಿಯ ಹಿಂದಿನ ದಿನ ಬಂದ ನನ್ನ ಗೆಳತಿಯರು ನೆಂಟರನ್ನೆಲ್ಲ ಕೂರಿಸಿಕೊಂಡು ಆ ಭಾನುವಾರದ ಕತೆ ಹೇಳಿದರು: ಮಾತು ಬಿಟ್ಟವರಿಗೆ ಏನು ಅಡಿಗೆ ಮಾಡಬೇಕೆಂದು ಆಯಮ್ಮನಿಗೆ ಗೊತ್ತಿತ್ತು, ಅಂಥ ಸಾರನ್ನು ಮತ್ತೆ ತಿಂದಿಲ್ಲ ಎಂದು. ನೀರು ಸಾರನ್ನು. ಡಬ್ಬಿಯ ವಿಷಯ ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಿದ್ದರೆ, ಪಾಪ, ಅದಕ್ಕೂ ಒಂದು ಒಳ್ಳೆಯ ಅರ್ಥ ಹುಡುಕುತ್ತಿದ್ದರು. ನನ್ನ ಮಟ್ಟಿಗೆ ಅರ್ಥ ಇಷ್ಟೇ: ಆ ದಿನ ಆ ಮನೆಯಲ್ಲಿ ಜಗಳ ಬಿಡಿಸಬೇಕೆಂದು ಹಲ್ಲು ಕಚ್ಚಿ ಕೂತವಳು ನಾನೊಬ್ಬಳೇ, ನನ್ನಿಂದ ಏನೂ ಆಗಲಿಲ್ಲ. ಆಕೆಗೆ ಬೇಕಿದ್ದದ್ದು ಬೇಳೆ.

ಅಷ್ಟರಲ್ಲಿ ಸೊಸೆ ನನ್ನನ್ನು ಹಿತ್ತಲಿಗೆ ಕರೆದಳು. ತಿಥಿಯ ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಬೇಕು. ಏನು ಮಾಡುವುದೆಂದು ಗಂಡನನ್ನು ಕೇಳಿದರೆ ಏನಾದರೂ ಮಾಡು ಅಂದನಂತೆ.

"ನಮ್ಮತ್ತೆ ಏನ್ ಇಷ್ಟ ಇಲ್ಲ ಅನ್ನೋದ್ನ ಮಾತ್ರ ಏಳೋರು ಅಕ್ಕ. ಇಷ್ಟ ಏನು ಅಂತ ಒಂದಿನಾನೂ ಏಳಿಲ್ಲ."

ಹಿದುಕಿದ ಬೇಳೆ ಸಾರು ಎಂದು ನಾನು ಹೇಳಿದೆ.

ಬೇಸಿಗೆಯ ಅವರೆಗೆ ಸೊಗಡಿರುವುದಿಲ್ಲ. ಪೇಟೆಯಲ್ಲಿ ಸಿಕ್ಕಿದ್ದನ್ನೇ ತಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ನಾಲ್ವರೂ ಹಿತ್ತಲಲ್ಲಿ ಬೇಸಿನ್ನಿನ ಸುತ್ತ ಕೂತೆವು. ಗೆಳತಿಯರು ಸೊಸೆಗೆ ಮತ್ತೆ ಅದೇ ಕತೆ ಹೇಳುತ್ತಾ ಹಿದುಕಿದರು. ಬೇಳೆ ಕೆನ್ನೆಗೆ ಬಡಿದ ಜಾಗದಲ್ಲಿ ಇಬ್ಬರೂ ನಕ್ಕರು. ಪಾತ್ರೆ ತುಂಬಿದಾಗ ನಾನೇ ಒಲೆಗೆ ಇಡುತ್ತೇನೆಂದು ಎತ್ತಿಕೊಂಡು ಒಳಗೆ ಹೋದೆ. ಗೂಡಿನಲ್ಲಿ ಆ ಸ್ಟೀಲು ಡಬ್ಬಿ ಇತ್ತು. ಅರ್ಧ ಬೇಳೆಯನ್ನು ಅದಕ್ಕೆ ಸುರಿದು, ಸೆರಗು ಮುಚ್ಚಿಕೊಂಡು, ನನ್ನ ಮನೆಯ ಮೆಟ್ಟಿಲು ಹತ್ತಿದೆ.

ಎಡೆಗೆ ಬಡಿಸಿದ ಸಾರು ನೀರಾಗಿತ್ತು. ಮುಚ್ಚಳ ತೆಗೆದಿದ್ದರೆ ಆಕೆಗೆ ತಕ್ಷಣ ಗೊತ್ತಾಗುತ್ತಿತ್ತು.